ಕಣ್ಣು ಮುಚ್ಚಿದ ಕೂಡಲೇ ಕಳವಳ: ಧ್ಯಾನಕ್ಕೆ ಕೂತಾಗ ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಕೆಲಸ ಮುಗಿಸಿ, ಟ್ರಾಫಿಕ್ ದಾಟಿ ಬಂದಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಧ್ಯಾನ ಹೇಳಿಕೊಡುವವರ ಹತ್ತಿರ ಜನ ನೂರು ಪ್ರಶ್ನೆ ಕೇಳುತ್ತಾರೆ. ಒಂದನ್ನು ಮಾತ್ರ ಎಲ್ಲರ ಎದುರು ಕೇಳುವುದಿಲ್ಲ. ತರಗತಿ ಮುಗಿದು ಉಳಿದವರು ಚಪ್ಪಲಿ ಹುಡುಕುತ್ತಿರುವಾಗ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಾರೆ: "ಧ್ಯಾನ ಮಾಡಿದ್ರೆ ಮನಸ್ಸು ಶಾಂತ ಆಗುತ್ತೆ ಅಂತಾರಲ್ವಾ? ನನಗೆ ಕೂತ್ರೆ ಗಾಬರಿ ಜಾಸ್ತಿನೇ ಆಗುತ್ತೆ. ನನ್ನಲ್ಲೇ ಏನಾದ್ರೂ ದೋಷ ಇದೆಯಾ?" ಇವತ್ತಿನ ಮಾತೆಲ್ಲ ಆ ಪ್ರಶ್ನೆ ಕೇಳಿದವರಿಗೆ, ಮತ್ತು ಕೇಳಲು ಮುಜುಗರಪಟ್ಟು ಅಭ್ಯಾಸವನ್ನೇ ಬಿಟ್ಟವರಿಗೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಮನಸ್ಸು ಅಲೆಯುವುದು ಬೇರೆ, ಮನಸ್ಸು ಹೆದರುವುದು ಬೇರೆ. ಎರಡನ್ನೂ "ಮನಸ್ಸು ನಿಲ್ಲಲ್ಲ" ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಆಮೇಲೆ ಎರಡಕ್ಕೂ ಒಂದೇ ಔಷಧಿ ಕೊಡುತ್ತೇವೆ. ತೊಂದರೆ ಶುರುವಾಗುವುದು ಅಲ್ಲೇ.

ಅಲೆಯುವ ಮನಸ್ಸಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗ್ಯಾಸ್ ಬುಕ್ ಮಾಡಬೇಕಿತ್ತು, ಮಗಳ ಫೀಸ್ ಕಟ್ಟಬೇಕಿತ್ತು, ನಿನ್ನೆ ಅತ್ತಿಗೆ ಹಾಗೆ ಯಾಕೆ ಅಂದ್ರು. ಇದು ಎಲ್ಲರಿಗೂ ಆಗುತ್ತದೆ. ಧ್ಯಾನಕ್ಕೆ ಕೂತಾಗ ಮಾತ್ರ ಆಗುವಂಥದ್ದೂ ಅಲ್ಲ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು 2,250 ಜನರಿಗೆ ದಿನದ ಯಾವುದೋ ಹೊತ್ತಲ್ಲಿ ಫೋನ್‌ನಲ್ಲಿ ಪ್ರಶ್ನೆ ಕಳಿಸುತ್ತಿದ್ದರು: ಈಗ ಏನು ಮಾಡ್ತಾ ಇದ್ದೀರಿ, ಏನು ಯೋಚನೆ ಮಾಡ್ತಾ ಇದ್ದೀರಿ ಅಂತ. ಶೇಕಡಾ 47ರಷ್ಟು ಸಲ ಜನರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಅಂದರೆ ಹೆಚ್ಚೂಕಡಿಮೆ ಅರ್ಧ ಹೊತ್ತು ನಾವೆಲ್ಲ ಬೇರೆಲ್ಲೋ ಇರುತ್ತೇವೆ. ಕೂತಾಗ ಅದು ನಮ್ಮ ಗಮನಕ್ಕೆ ಬರುತ್ತದೆ, ಅಷ್ಟೇ. ಮನಸ್ಸು ಹೋಯಿತು ಅಂತ ಗೊತ್ತಾದಾಗ ಬೈಯದೆ ವಾಪಸ್ ಕರೆದುಕೊಂಡು ಬನ್ನಿ. ಮತ್ತೆ ಹೋಗುತ್ತದೆ, ಮತ್ತೆ ಕರೆತನ್ನಿ. ಅಭ್ಯಾಸ ಅಂದರೆ ಆ ವಾಪಸ್ ಬರುವುದೇ.

ಹೆದರುವ ಮನಸ್ಸಿನ ಕಥೆ ಬೇರೆ. ಅಲ್ಲಿ ಯೋಚನೆಗಿಂತ ಮೊದಲು ಮೈ ಹೇಳುತ್ತದೆ. ಎದೆ ಬಡಿತ ಕಿವಿಗೆ ಕೇಳಿಸುತ್ತದೆ. ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಅಂಗೈ ಬೆವರುತ್ತದೆ. ಎದ್ದು ಓಡಿಹೋಗೋಣ ಅನ್ನಿಸುತ್ತದೆ. ಇಂಥವರಿಗೆ ನಾವು "ಏನೂ ಆಗಲ್ಲ, ಉಸಿರು ನೋಡಿ, ಎಲ್ಲ ಸರಿಹೋಗುತ್ತೆ" ಅನ್ನುತ್ತೇವೆ. ಆದರೆ ಆ ಹೊತ್ತಿನಲ್ಲಿ ಅವರಿಗೆ ಭಯ ಹುಟ್ಟಿಸುತ್ತಿರುವುದೇ ಉಸಿರು! ಅದನ್ನೇ ನೋಡುತ್ತಾ ಕೂರಿ ಅಂದರೆ ಭಯ ಇಳಿಯುವುದಾದರೂ ಹೇಗೆ?

ಇದು ಹೊಸ ಸಂಗತಿ ಅಲ್ಲ. 1983ರಲ್ಲೇ ಹೈಡ್ ಮತ್ತು ಬಾರ್ಕೊವೆಕ್ ಅನ್ನುವ ಮನೋವಿಜ್ಞಾನಿಗಳು ಇದನ್ನು ದಾಖಲಿಸಿದ್ದಾರೆ. ತುಂಬಾ ದಿನದಿಂದ ಆತಂಕ ಇದ್ದ ಕೆಲವರಿಗೆ ಎರಡು ಬಗೆಯ ವಿಶ್ರಾಂತಿ ಅಭ್ಯಾಸ ಮಾಡಿಸಿದರು. ಒಂದು, ಸ್ನಾಯುಗಳನ್ನು ಬಿಗಿ ಹಿಡಿದು ಸಡಿಲ ಬಿಡುವುದು. ಇನ್ನೊಂದು, ಮಂತ್ರದ ಮೇಲೆ ಗಮನ ಇಡುವ ಧ್ಯಾನದಂಥ ಅಭ್ಯಾಸ. ಈ ಎರಡನೆಯದರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆತಂಕ ಇಳಿಯುವ ಬದಲು ಏರಿತು. ತುಂಬಾ ಚಿಕ್ಕ ಅಧ್ಯಯನ ಅದು, ಹಾಗಾಗಿ ಆ ಲೆಕ್ಕ ಎಲ್ಲರಿಗೂ ಅನ್ವಯಿಸುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ "ಕೂತರೆ ನನಗೆ ಜಾಸ್ತಿ ಆಗುತ್ತೆ" ಅನ್ನುವವರು ಸುಳ್ಳು ಹೇಳುತ್ತಿಲ್ಲ, ನಾಟಕ ಮಾಡುತ್ತಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಯಾಕೆ ಹೀಗಾಗುತ್ತದೆ? ಆತಂಕ ಇರುವವರು ದಿನವಿಡೀ ಎಚ್ಚರದಲ್ಲಿ ಇರುತ್ತಾರೆ. ಏನೋ ಕೆಟ್ಟದ್ದು ಆಗಬಹುದು, ಸಿದ್ಧವಾಗಿರಬೇಕು ಅಂತ ಮೈಯೇ ಕಾವಲು ಕಾಯುತ್ತಿರುತ್ತದೆ. ಕೆಲಸ, ಟಿವಿ, ಫೋನ್, ಮಾತು, ಇವೆಲ್ಲ ಇದ್ದಾಗ ಅದು ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿ ಸುಮ್ನೆ ಕೂತಾಗ ಹೊರಗಿನ ಸದ್ದು ಕಡಿಮೆಯಾಗಿ ಒಳಗಿನದು ಎದ್ದು ಕೇಳುತ್ತದೆ. ಜೊತೆಗೆ ಮೈ ಸಡಿಲವಾಗುವುದೇ ಕೆಲವರಿಗೆ ಕಾವಲು ಬಿಟ್ಟ ಹಾಗೆ ಅನ್ನಿಸುತ್ತದೆ. ಬಿಟ್ಟರೆ ಏನಾಗುತ್ತೋ ಅಂತ ಮತ್ತೆ ಬಿಗಿಯುತ್ತಾರೆ.

ಆಮೇಲೆ ನಾವು ಮಾಡುವ ಕೆಲಸ ಒತ್ತುವುದು. "ಈ ಯೋಚನೆ ಬರಬಾರದು" ಅಂತ ಹಲ್ಲು ಕಚ್ಚಿ ಕೂರುವುದು. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವ ಮನೋವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಬಿಳಿ ಕರಡಿಯ ಬಗ್ಗೆ ಯೋಚನೆ ಮಾಡಬೇಡಿ, ಅಕಸ್ಮಾತ್ ಬಂದರೆ ಗಂಟೆ ಒತ್ತಿ ಅಂದರು. ಐದು ನಿಮಿಷ. ಗಂಟೆ ಬಾರಿಸುತ್ತಲೇ ಇತ್ತು. ಅದಾದ ಮೇಲೆ, ಈಗ ಬೇಕಾದರೆ ಯೋಚಿಸಿ ಅಂದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ಒತ್ತಿ ಹಿಡಿದದ್ದು ಬಿಟ್ಟಾಗ ಜೋರಾಗಿ ಎದ್ದಿತು.

ಈಗ ನನಗೆ ತುಂಬಾ ಪ್ರಿಯವಾದ ಒಂದು ಹಳೆಯ ಉಪದೇಶಕ್ಕೆ ಬರುತ್ತೇನೆ. ಇವತ್ತು ನನಗೆ ಹೇಳಬೇಕಾದದ್ದು ಮುಖ್ಯವಾಗಿ ಇದೇ. ಮಜ್ಝಿಮ ನಿಕಾಯ ಅಂತ ಪಾಲಿ ಭಾಷೆಯಲ್ಲಿ ಬುದ್ಧನ ಉಪದೇಶಗಳ ಒಂದು ಸಂಗ್ರಹ ಇದೆ. ಅದರ 20ನೆಯ 'ಸುತ್ತ', ಅಂದರೆ ಉಪದೇಶ, ಪೂರ್ತಿ ಇದರ ಬಗ್ಗೆಯೇ ಇದೆ: ಬೇಡದ ಯೋಚನೆ ಬಂದಾಗ ಸಾಧಕ ಏನು ಮಾಡಬೇಕು? ಬುದ್ಧ ಐದು ದಾರಿ ಹೇಳುತ್ತಾನೆ. ಮೊದಲು, ಗಮನವನ್ನು ಬೇರೆ ಒಂದು ಒಳ್ಳೆಯ ವಿಷಯಕ್ಕೆ ಕೊಡು. ಅದರಿಂದ ಆಗಲಿಲ್ಲವಾ, ಈ ಯೋಚನೆಯಿಂದ ನನಗೆ ಏನು ಕೇಡಾಗುತ್ತಿದೆ ಅಂತ ನೋಡು. ಅದೂ ಆಗಲಿಲ್ಲವಾ, ಅದರ ಕಡೆ ಗಮನವನ್ನೇ ಕೊಡಬೇಡ. ಅದೂ ಆಗದಿದ್ದರೆ, ಯೋಚನೆಯ ಓಟವನ್ನು ಮೆಲ್ಲಗೆ ಇಳಿಸು. ಈ ಯಾವುದೂ ಫಲಿಸದಿದ್ದರೆ ಮಾತ್ರ, ಕೊನೆಗೆ, ಹಲ್ಲು ಕಚ್ಚಿ ಮನಸ್ಸಿನಿಂದ ಮನಸ್ಸನ್ನು ಅದುಮು.

ಗಮನಿಸಿದಿರಾ? ಅದುಮುವುದು ಐದನೆಯದು. ನಾಲ್ಕು ದಾರಿ ಮುಚ್ಚಿದ ಮೇಲೆ ಬರುವಂಥದ್ದು. ನಮ್ಮಲ್ಲಿ ಹೆಚ್ಚಿನವರು ಶುರು ಮಾಡುವುದೇ ಅಲ್ಲಿಂದ! ಮೊದಲ ದಿನವೇ, ಮೊದಲ ನಿಮಿಷವೇ ಐದನೆಯ ದಾರಿ ಹಿಡಿದು, ಸೋತು, ಧ್ಯಾನ ನನಗೆ ಆಗಿಬರುವುದಿಲ್ಲ ಅಂತ ಎದ್ದು ಹೋಗುತ್ತಾರೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಎರಡು ಸಾವಿರ ವರ್ಷಕ್ಕೂ ಹಿಂದಿನವರು ಇಷ್ಟು ಕರುಣೆಯಿಂದ ಮೆಟ್ಟಿಲು ಕಟ್ಟಿಟ್ಟಿದ್ದಾರೆ. ಅದನ್ನು ಹೇಳಿಕೊಡದೆ ಜನರನ್ನು ಸುಮ್ನೆ ಕಣ್ಣು ಮುಚ್ಚಿಸಿ ಕೂರಿಸುತ್ತೇವೆ.

ನಾಲ್ಕನೆಯ ದಾರಿಗೆ ಅಲ್ಲೇ ಒಂದು ಹೋಲಿಕೆ ಇದೆ. ಒಬ್ಬ ವೇಗವಾಗಿ ಹೋಗುತ್ತಿದ್ದಾನೆ. ಯಾಕೆ ಇಷ್ಟು ಅವಸರ, ನಿಧಾನ ಹೋಗೋಣ ಅಂದುಕೊಳ್ಳುತ್ತಾನೆ. ನಿಧಾನ ಹೋಗುತ್ತಾ, ನಿಲ್ಲೋಣ ಅಂದುಕೊಳ್ಳುತ್ತಾನೆ. ನಿಂತವನು ಕೂರುತ್ತಾನೆ. ಕೂತವನು ಮಲಗುತ್ತಾನೆ. ಓಡುತ್ತಿದ್ದವನು ಒಂದೇ ಸಲಕ್ಕೆ ಮಲಗಲಿಲ್ಲ. ಆತಂಕದ ಮನಸ್ಸಿಗೆ ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಎಲ್ಲೂ ಓದಿಲ್ಲ.

ಹಾಗಾದರೆ ಕೂತ ಜಾಗದಲ್ಲಿ ಏನು ಮಾಡುವುದು? ಒಬ್ಬರ ವಿಷಯ ಹೇಳುತ್ತೇನೆ. ಐವತ್ತರ ಆಸುಪಾಸಿನ ಹೆಣ್ಣುಮಗಳು, ಬ್ಯಾಂಕ್ ಕೆಲಸ. ಕಣ್ಣು ಮುಚ್ಚಿ ನೆಟ್ಟಗೆ ಕೂತಿದ್ದರು, ದೂರದಿಂದ ನೋಡಿದರೆ ಚೆನ್ನಾಗೇ ಕೂತಿದ್ದಾರೆ ಅನ್ನಿಸುತ್ತಿತ್ತು. ಹತ್ತಿರ ಹೋದಾಗ ಕಂಡದ್ದು ಅವರ ಹೆಬ್ಬೆರಳು. ಅದರ ಉಗುರು ತೋರುಬೆರಳಿನ ಪಕ್ಕಕ್ಕೆ ಒತ್ತಿ ಒತ್ತಿ ಅಲ್ಲಿ ಬಿಳಿ ಗೆರೆ ಬಿದ್ದಿತ್ತು. ಭುಜ ಕಿವಿಯ ಹತ್ತಿರಕ್ಕೆ ಏರಿತ್ತು. ಹೊಟ್ಟೆ ಅಲ್ಲಾಡುತ್ತಲೇ ಇರಲಿಲ್ಲ, ಉಸಿರೆಲ್ಲ ಕುತ್ತಿಗೆ ಬುಡದಲ್ಲಿ. ಆಗಾಗ ಉಗುಳು ನುಂಗುತ್ತಿದ್ದರು.

ಕಣ್ಣು ಬಿಡಿ ಅಂದೆ. ಮುಂದೆ ಕೆಂಪು ಗಾರೆಯ ನೆಲದಲ್ಲಿ ಒಂದು ಬಿರುಕು ಇತ್ತು, ಅದರ ಗುಂಟ ಕಣ್ಣು ಹಾಯಿಸಿ ಅಂದೆ. ಕುರ್ಚಿ ಮೇಲೆ ಕೂರಿಸಿ ಎರಡೂ ಹಿಮ್ಮಡಿ ನೆಲಕ್ಕೆ ಒತ್ತಲು ಹೇಳಿದೆ. ಯಾವ ಪಾದ ಜಾಸ್ತಿ ತಣ್ಣಗಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಡಗಾಲು" ಅಂದರು. ಅಷ್ಟರಲ್ಲಿ ಹೆಬ್ಬೆರಳು ಸಡಿಲವಾಗಿತ್ತು. ಆಮೇಲೆ ಉಸಿರು ಬಿಡುವಾಗ ಮಾತ್ರ ಬಾಯಿ ಮುಚ್ಚಿ ಮ್‌ಮ್‌ ಅಂತ ಸಣ್ಣಗೆ ಗುನುಗಲು ಹೇಳಿದೆ, ಭ್ರಾಮರಿ ಪ್ರಾಣಾಯಾಮದಲ್ಲಿ ಮಾಡುವ ಹಾಗೆ. ಎಳೆದುಕೊಳ್ಳುವ ಕಡೆ ಗಮನವೇ ಬೇಡ ಅಂದೆ. ಅವರ ಅಮ್ಮನ ಸ್ಕ್ಯಾನ್ ರಿಪೋರ್ಟ್ ಮುಂದಿನ ವಾರ ಬರುವುದಿತ್ತು. "ಅದು ಬರೋ ತನಕ ನನಗೆ ಉಸಿರು ನೋಡ್ತಾ ಕೂರೋಕೆ ಆಗಲ್ಲ" ಅಂದರು. ಕೂರಬೇಡಿ, ನಡೆಯಿರಿ ಅಂದೆ. ಆ ವಾರ ಅವರು ಮನೆಯ ಟೆರೇಸಿನ ಮೇಲೆ ಹೆಜ್ಜೆ ನೋಡುತ್ತಾ ನಡೆದರು. ಹೀಗೆ ನಡೆದಾಡುತ್ತಾ ಮಾಡುವ ಧ್ಯಾನಕ್ಕೆ ಬೌದ್ಧರಲ್ಲಿ ಕೂರುವುದರಷ್ಟೇ ಮಾನ್ಯತೆ ಇದೆ. ಕೂರಲು ಆಗದವರಿಗೆ ಕೊಟ್ಟ ಸಮಾಧಾನದ ಬಹುಮಾನ ಅಲ್ಲ ಅದು.

ಇಲ್ಲಿ ಉಸಿರು ಬಿಡುವುದಕ್ಕೆ ಯಾಕೆ ಒತ್ತು ಕೊಟ್ಟೆ ಅಂತ ಹೇಳಬೇಕು. ಉಸಿರು ಎಳೆದುಕೊಂಡಾಗ ಹೃದಯದ ಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಸ್ವಲ್ಪ ಇಳಿಯುತ್ತದೆ. ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಕೆಲಸ ಅದು. ಬಿಡುವ ಉಸಿರು ಉದ್ದವಾದರೆ ಇಳಿಯುವ ಹೊತ್ತೂ ಉದ್ದವಾಗುತ್ತದೆ. ಪತಂಜಲಿ ಯೋಗಸೂತ್ರದ ಮೊದಲ ಪಾದದಲ್ಲಿ, ಅಂದರೆ ಮೊದಲ ಅಧ್ಯಾಯದಲ್ಲಿ, ಇದರ ಗುರುತು ಸ್ಪಷ್ಟವಾಗಿದೆ. ಚಿತ್ತ ಚದುರಿದಾಗ ಜೊತೆಗೆ ಏನೇನು ಬರುತ್ತದೆ ಅಂತ 31ನೆಯ ಸೂತ್ರ ಹೇಳುತ್ತದೆ: ದುಃಖ, ಮನಸ್ಸಿನ ಕುಗ್ಗುವಿಕೆ, ಮೈ ನಡುಕ, ಏರುಪೇರಾದ ಉಸಿರಾಟ. ಇವತ್ತಿನ ಡಾಕ್ಟರು ಆತಂಕದ ಲಕ್ಷಣ ಅಂತ ಬರೆಯುವ ಪಟ್ಟಿಯ ಹತ್ತಿರಹತ್ತಿರ ಅದೇ, ಅಲ್ವಾ? ಮೂರು ಸೂತ್ರ ದಾಟಿದರೆ ಉಪಾಯಗಳಲ್ಲಿ ಒಂದಾಗಿ ಉಸಿರನ್ನು ಹೊರಗೆ ಬಿಡುವುದು ಮತ್ತು ತಡೆಯುವುದು ಬರುತ್ತದೆ. ಗಾಬರಿ ಇರುವವರು ತಡೆಯುವ ಭಾಗವನ್ನು ಸದ್ಯಕ್ಕೆ ಬಿಟ್ಟುಬಿಡಿ, ಅದು ಉಸಿರುಕಟ್ಟಿದ ಹಾಗೆ ಅನ್ನಿಸಿ ಭಯ ಏರಿಸಬಹುದು. ಬಿಡುವುದು ಸಾಕು. ಅದೇ ಸಾಲಿನಲ್ಲಿ, ನಿಮಗೆ ಇಷ್ಟವಾದದ್ದರ ಮೇಲೆ ಧ್ಯಾನ ಮಾಡಿ ಅನ್ನುವ ಸೂತ್ರವೂ ಇದೆ. ಉಸಿರೇ ಬೇಕು ಅಂತ ಯಾರ ಹಟವೂ ಇಲ್ಲ. ದೀಪ ಆಗಬಹುದು, ದೇವರ ಹೆಸರು ಆಗಬಹುದು, ಮಳೆಯ ಸದ್ದು ಆಗಬಹುದು.

ಮುಂದೆ ಏನಾಗುತ್ತೋ ಅನ್ನುವ ಚಿಂತೆಗೆ ಇನ್ನೊಂದು ಉಪಾಯ ಇದೆ, ಬಾರ್ಕೊವೆಕ್ ಅವರೇ ಪ್ರಯೋಗ ಮಾಡಿ ನೋಡಿದ್ದು. ಚಿಂತೆಗೆ ಅಂತಲೇ ದಿನಕ್ಕೆ ಅರ್ಧ ಗಂಟೆ ಇಡುವುದು. ಒಂದೇ ಜಾಗ, ಒಂದೇ ಸಮಯ. ಬೇರೆ ಹೊತ್ತಲ್ಲಿ ಚಿಂತೆ ಬಂದರೆ, ಸಂಜೆ ಆರಕ್ಕೆ ನೋಡೋಣ ಅಂತ ಮುಂದಕ್ಕೆ ಹಾಕುವುದು. ಆರಕ್ಕೆ ಪ್ರಾಮಾಣಿಕವಾಗಿ ಕೂತು ಚಿಂತಿಸಬೇಕು, ತಪ್ಪಿಸಬಾರದು. ತಪ್ಪಿಸಿದರೆ ಮಾರನೆಯ ದಿನ ಮನಸ್ಸು ನಿಮ್ಮ ಮಾತು ನಂಬುವುದಿಲ್ಲ. ಧ್ಯಾನಕ್ಕೆ ಮುಂಚೆ ಪಕ್ಕದಲ್ಲಿ ಒಂದು ಚೀಟಿ ಇಟ್ಟು, ಕಾಡುತ್ತಿರುವುದನ್ನು ಎರಡು ಸಾಲು ಬರೆದು ಕೂರುವುದೂ ಅನೇಕರಿಗೆ ಹಗುರ ಅನ್ನಿಸುತ್ತದೆ.

ಹೊತ್ತಿನ ಬಗ್ಗೆ ಒಂದೇ ಮಾತು. ಐದು ನಿಮಿಷ ಸಾಕು. ಅರ್ಧ ಗಂಟೆ ಒದ್ದಾಡಿ ಎದ್ದರೆ ಆ ಆಸನ ಕಂಡರೇ ಮೈ ಬಿಗಿಯುವ ಹಾಗಾಗುತ್ತದೆ.

ಈಗ ಗಂಭೀರವಾದ ಮಾತು, ದಯವಿಟ್ಟು ಕೇಳಿಸಿಕೊಳ್ಳಿ. ಧ್ಯಾನ ಎಲ್ಲದಕ್ಕೂ ಮದ್ದಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಜೇರೆಡ್ ಲಿಂಡಾಲ್, ವಿಲೋಬಿ ಬ್ರಿಟನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ಯಾನದಲ್ಲಿ ಕಷ್ಟದ ಅನುಭವ ಆದವರ ಜೊತೆ ವಿವರವಾಗಿ ಮಾತಾಡಿದ್ದಾರೆ. ಭಯ, ಆತಂಕ, ನಿದ್ದೆಗೇಡು, ಹಳೆಯ ಆಘಾತ ಮರುಕಳಿಸುವುದು, ಎಲ್ಲವೂ ಅದರಲ್ಲಿವೆ. ಹತ್ತು ದಿನದ ಮೌನ ಶಿಬಿರಗಳಿಗೆ ಹೋಗುವವರಿಗೆ ನನ್ನ ವಿನಂತಿ ಇಷ್ಟು. ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳಿದ್ದರೆ ಮುಚ್ಚಿಡಬೇಡಿ. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಶಿಬಿರಕ್ಕಾಗಿ ನಿಲ್ಲಿಸಬೇಡಿ. ಕೂತಾಗಲೆಲ್ಲ ಹಳೆಯ ಘಟನೆ ಕಣ್ಣೆದುರು ಬರುತ್ತಿದ್ದರೆ, ದಿನಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಅಭ್ಯಾಸ ನಿಲ್ಲಿಸಿ ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಧ್ಯಾನ ಮಾಡುವವನು ಡಾಕ್ಟರ ಹತ್ತಿರ ಹೋಗುವುದು ಸೋಲು ಅಂತ ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ.

ಈಗ ಐದು ನಿಮಿಷ ಒಟ್ಟಿಗೆ ಅಭ್ಯಾಸ ಮಾಡೋಣ. ದೀಪ ಆರಿಸುವುದು ಬೇಡ, ಬಾಗಿಲೂ ತೆಗೆದೇ ಇರಲಿ. ಕಣ್ಣು ಮುಚ್ಚಬೇಕು ಅಂತಿಲ್ಲ. ಕೂರಲು ಕಷ್ಟ ಆಗುವವರು ಹಿಂದಿನ ವರಾಂಡದಲ್ಲಿ ನಡೆಯಬಹುದು, ಮಧ್ಯೆ ಎದ್ದು ಹೋದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆಮೇಲೆ ಪ್ರಶ್ನೆ ಕೇಳಿ. ಎಲ್ಲರ ಎದುರೇ ಕೇಳಿ, ಪಕ್ಕದವರಿಗೂ ಅದೇ ಪ್ರಶ್ನೆ ಇರಬಹುದು.