ನಿಂತಲ್ಲೇ ನಿಂತಿರುವ ಮಿಷನ್ನಿಗೆ ಎಂಥ ಮೈಲೇಜ್?

ಈ ಶಬ್ದ ಕೇಳಿ. ಇನ್ನೊಂದು ಐದು ಸೆಕೆಂಡ್ ಕೇಳಿ.

ಎಂಜಿನ್ ಭರ್ಜರಿಯಾಗಿ ಓಡುತ್ತಿದೆ. ಆದರೆ ರಾಡ್ ಅಲ್ಲಾಡುತ್ತಿಲ್ಲ. ಬೆಣೆಯ ಮುಂದೆ ಕೊರಡೇ ಇಲ್ಲ. ನಾನಂತೂ ಫ್ರೇಮಿನಲ್ಲೇ ಇಲ್ಲ. ಎಲ್ಲಿದ್ದೇನೆ ಗೊತ್ತಾ? ಕ್ಯಾಮೆರಾದ ಹಿಂದೆ, ದಪ್ಪ ಕೊರಡೊಂದನ್ನು ಉರುಳಿಸಿಕೊಂಡು ಏದುಸಿರು ಬಿಡುತ್ತಾ ಬರುತ್ತಿದ್ದೇನೆ. ಒಟ್ಟು ನಲವತ್ತು ಸೆಕೆಂಡ್. ಎಡಿಟ್ ಮಾಡುವಾಗ ಇಂಥದ್ದನ್ನೆಲ್ಲ ಕತ್ತರಿಸಿ ಬಿಸಾಡುತ್ತೇನೆ. ಈ ಸಲ ಬಿಸಾಡಲಿಲ್ಲ. ಇವತ್ತಿನ ವಿಡಿಯೋ ಇರುವುದೇ ಈ ನಲವತ್ತು ಸೆಕೆಂಡಿನ ಬಗ್ಗೆ.

ಸೌದೆ ಸೀಳುವ ಪೆಟ್ರೋಲ್ ಮಿಷನ್ ಇದು. ಲಾಗ್ ಸ್ಪ್ಲಿಟರ್ ಅಂತಾರಲ್ಲ, ಅದೇ. ಎಂಜಿನ್ ಒಂದು ಪಂಪ್ ತಿರುಗಿಸುತ್ತದೆ, ಪಂಪ್ ಎಣ್ಣೆಯನ್ನು ಸಿಲಿಂಡರಿಗೆ ತಳ್ಳುತ್ತದೆ, ಆ ಒತ್ತಡಕ್ಕೆ ರಾಡ್ ಮುಂದೆ ಬಂದು ಕೊರಡನ್ನು ಬೆಣೆಗೆ ಒತ್ತಿ ಸೀಳುತ್ತದೆ. ಹೈಡ್ರಾಲಿಕ್ ಅನ್ನುವುದು ಇದಕ್ಕೇ. ಇದನ್ನು ನೋಡಿದವರು ಕೇಳುವ ಮೊದಲ ಪ್ರಶ್ನೆ, 'ಪೆಟ್ರೋಲ್ ಎಷ್ಟು ಕುಡಿಯುತ್ತೆ?' ಎರಡನೆಯದು, 'ಮೈಲೇಜ್ ಹೇಗೆ?' ನಿಂತಲ್ಲೇ ನಿಂತಿರುವ ಮಿಷನ್ನಿಗೆ ಎಂಥ ಮೈಲೇಜ್ ಅಂತ ನಾನು ನಗುತ್ತಿದ್ದೆ. ಆಮೇಲೆ ಕೂತು ಯೋಚಿಸಿದರೆ, ಎರಡನೇ ಪ್ರಶ್ನೆಯೇ ಸರಿ ಅನ್ನಿಸಿತು.

ಯಾಕಂದರೆ ಗಂಟೆಗೆ ಎಷ್ಟು ಲೀಟರ್ ಅನ್ನುವ ಲೆಕ್ಕ ಏನನ್ನೂ ಹೇಳುವುದಿಲ್ಲ. ಇಂಥ ಮಿಷನ್ನುಗಳಲ್ಲಿ ತುಂಬಾ ಕಾಣಿಸುವ ಎಂಜಿನ್ ಒಂದಿದೆ, ಹೋಂಡಾ ಜಿಎಕ್ಸ್200. 196 ಸಿಸಿ. ಪೂರ್ತಿ ಭಾರ ಹೊತ್ತು ನಿಮಿಷಕ್ಕೆ 3600 ಸುತ್ತು ಓಡಿದರೆ ಗಂಟೆಗೆ ಸುಮಾರು 1.7 ಲೀಟರ್ ಕುಡಿಯುತ್ತದೆ ಅಂತ ಕಂಪನಿಯ ಲೆಕ್ಕ. ಸರಿ. ಆ ಒಂದು ಗಂಟೆಯಲ್ಲಿ ನಾನು ಇನ್ನೂರು ಕೊರಡು ಸೀಳಿದೆನೋ, ಅಥವಾ ಇಪ್ಪತ್ತು ಸೀಳಿ ಉಳಿದ ಹೊತ್ತು ಮಾತಾಡುತ್ತಾ ನಿಂತಿದ್ದೆನೋ? ಅದು ಆ ಲೆಕ್ಕದಲ್ಲಿ ಇಲ್ಲ. ಕೇಳಬೇಕಾದದ್ದು ಒಂದು ಲೀಟರಿಗೆ ಎಷ್ಟು ಸೌದೆ ಅಂತ. ಅದು ಮೈಲೇಜ್ ಅಲ್ಲದೆ ಇನ್ನೇನು?

ಒಂದು ಅಂದಾಜು ಲೆಕ್ಕ ಹಾಕೋಣ. ಬೇಜಾರು ಮಾಡಿಕೊಳ್ಳಬೇಡಿ, ಇದು ಮಜವಾಗಿದೆ. ನೇರ ಎಳೆಯ ಕೊರಡು ಅಂತಿಟ್ಟುಕೊಳ್ಳಿ. ಬೆಣೆ ಒಂದು ಹತ್ತು ಸೆಂಟಿಮೀಟರ್ ಒಳಗೆ ಹೋಗುವಷ್ಟರಲ್ಲಿ ಪಟ್ ಅಂತ ಎರಡಾಗುತ್ತದೆ. ಅಷ್ಟು ದೂರಕ್ಕೆ ಐದು ಟನ್ ಒತ್ತಡ ಬಿತ್ತು ಅಂದುಕೊಂಡರೆ, ಖರ್ಚಾದ ಶಕ್ತಿ ಸುಮಾರು 5 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವುದು ಸುಮಾರು 32 ಮೆಗಾಜೂಲ್, ಅಂದರೆ 32,000 ಕಿಲೋಜೂಲ್. ಚಿಕ್ಕ ಎಂಜಿನ್ ಅದರಲ್ಲಿ ಐದನೇ ಒಂದು ಪಾಲನ್ನು ಮಾತ್ರ ಕೆಲಸಕ್ಕೆ ಕೊಡುತ್ತದೆ ಅನ್ನೋಣ. ಉಳಿದದ್ದು ಬಿಸಿಯಾಗಿ ಸೈಲೆನ್ಸರಿನಿಂದ, ಎಂಜಿನ್ನಿನ ಮೈಯಿಂದ ಹೋಗುತ್ತದೆ. ಪಂಪು, ಪೈಪು, ವಾಲ್ವ್ ಎಲ್ಲ ಸೇರಿ ಇನ್ನೊಂದು ಕಾಲು ಭಾಗ ತಿಂದವು ಅನ್ನಿ. ಆದರೂ ಒಂದು ಲೀಟರಿಗೆ ಒಂಬೈನೂರಕ್ಕೂ ಹೆಚ್ಚು ಸಲ ಸೀಳಬಹುದು!

ಸೀಳಿದ್ದೀರಾ ಯಾವತ್ತಾದರೂ? ನಾನಂತೂ ಅದರ ಹತ್ತಿರಕ್ಕೂ ಹೋಗಿಲ್ಲ.

ಹಾಗಾದರೆ ಪೆಟ್ರೋಲ್ ಎಲ್ಲಿ ಹೋಯಿತು? ನನ್ನ ಹತ್ತಿರ ಸಾಕ್ಷಿ ಇದೆ. ಕ್ಯಾಮೆರಾ ಇಡೀ ದಿನ ಓಡುತ್ತಿತ್ತಲ್ಲ. ಒಂದು ಗಂಟೆಯ ಕತ್ತರಿಸದ ವಿಡಿಯೋ ಹಾಕಿಕೊಂಡು, ಪಕ್ಕದಲ್ಲಿ ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಕೂತೆ. ರಾಡ್ ಚಲಿಸಿದ ಹೊತ್ತನ್ನಷ್ಟೇ ಲೆಕ್ಕ ಹಾಕಿದೆ. ಅರ್ಧ ಗಂಟೆಯೂ ಆಗಲಿಲ್ಲ. ಉಳಿದ ಹೊತ್ತೆಲ್ಲ ನಾನು ನಡೆಯುತ್ತಿದ್ದೇನೆ, ಬಗ್ಗುತ್ತಿದ್ದೇನೆ, ಸೀಳಿದ್ದನ್ನು ರಾಶಿಗೆ ಎಸೆಯುತ್ತಿದ್ದೇನೆ, ಕೈಗವಸು ಸರಿ ಮಾಡಿಕೊಳ್ಳುತ್ತಿದ್ದೇನೆ. ಒಂದು ಸಲವಂತೂ ಕ್ಯಾಮೆರಾಕ್ಕೆ ಏನೋ ವಿವರಿಸುತ್ತಾ ನಿಂತಿದ್ದೇನೆ, ಎರಡು ನಿಮಿಷ. ಎಂಜಿನ್ ಶಬ್ದದಲ್ಲಿ ಒಂದು ಮಾತೂ ಕೇಳಿಸುವುದಿಲ್ಲ.

ಈ ಖಾಲಿ ಹೊತ್ತಿನಲ್ಲಿ ಮಿಷನ್ ಸುಮ್ಮನಿರುವುದಿಲ್ಲ. ರಾಡನ್ನು ಹಿಂದೆ ಮುಂದೆ ಓಡಿಸುವ ಲಿವರ್ ನಡುವೆ ಇದ್ದಾಗಲೂ ಪಂಪ್ ತಿರುಗುತ್ತಲೇ ಇರುತ್ತದೆ. ಟ್ಯಾಂಕಿನಿಂದ ಎಣ್ಣೆ ಎಳೆಯುತ್ತದೆ, ವಾಲ್ವ್ ದಾಟಿಸುತ್ತದೆ, ಮತ್ತೆ ಅದೇ ಟ್ಯಾಂಕಿಗೆ ಬಿಡುತ್ತದೆ. ನಿಮಿಷಕ್ಕೆ ನಲವತ್ತು ಲೀಟರಿನಷ್ಟು ಎಣ್ಣೆ ಸುಮ್ನೆ ಸುತ್ತು ಹೊಡೆಯುತ್ತಾ ಬಿಸಿಯಾಗುತ್ತದೆ. ಭಾರ ಕಡಿಮೆ ಅಂತ, ಎಂಜಿನ್ನಿನ ಸುತ್ತು ಒಂದೇ ಸಮ ಇಡುವ ಗವರ್ನರ್ ಪೆಟ್ರೋಲನ್ನು ತಗ್ಗಿಸುತ್ತದೆ, ನಿಜ. ಆದರೆ 3600 ಸುತ್ತು ತಿರುಗುತ್ತಿರಲು ಎಂಜಿನ್ನಿಗೇ ಒಂದಿಷ್ಟು ಬೇಕಲ್ಲ.

ತಮ್ಮ ಆ ದಿನವೇ ಹೇಳಿದ್ದ. 'ಅಣ್ಣಾ, ಮೊದಲು ಎಲ್ಲ ಕೊರಡೂ ಮಿಷನ್ ಹತ್ತಿರ ತಂದು ಹಾಕೋಣ, ಆಮೇಲೆ ಸ್ಟಾರ್ಟ್ ಮಾಡು.' ನಾನು ಕೇಳಲಿಲ್ಲ. ಈಗ ವಿಡಿಯೋದಲ್ಲಿ ಅವನ ಮುಖ ನೋಡಿ. ಏನೂ ಮಾತಾಡುತ್ತಿಲ್ಲ, ಆದರೆ ಎಲ್ಲ ಹೇಳುತ್ತಿದ್ದಾನೆ.

ಈ ವಾರ ಅವನು ಹೇಳಿದ ಹಾಗೇ ಮಾಡಿದೆವು. ಎಂಜಿನ್ ಆಫ್. ಕೊರಡುಗಳನ್ನೆಲ್ಲ ಕೈಗೆಟುಕುವಷ್ಟು ದೂರದಲ್ಲಿ ಅರ್ಧವೃತ್ತವಾಗಿ ನಿಲ್ಲಿಸಿದೆವು. ಸೀಳಿದ್ದು ಬೀಳುವುದಕ್ಕೆ ಇನ್ನೊಂದು ಕಡೆ ಜಾಗ ಬಿಟ್ಟೆವು. ಆಮೇಲೆ ಹಗ್ಗ ಎಳೆದದ್ದು. ತಮ್ಮ ಕೊರಡು ಹತ್ತಿರ ತಳ್ಳಿಕೊಡುತ್ತಾನೆ, ಅಷ್ಟೇ. ಮಿಷನ್ ಮೇಲೆ ಇಡುವವನೂ ನಾನೇ, ಲಿವರ್ ಹಿಡಿಯುವವನೂ ನಾನೇ. ಒಬ್ಬರು ಇಟ್ಟು ಇನ್ನೊಬ್ಬರು ಲಿವರ್ ಎಳೆದರೆ ಕೆಲಸ ಬೇಗ ಆಗುತ್ತದೆ ಅನ್ನಿಸಬಹುದು. ಬೆರಳು ಹೋಗುವುದೂ ಹಾಗೆಯೇ. ಪೆಟ್ರೋಲ್ ಉಳಿಸಲು ಹೋಗಿ ಅದನ್ನು ಮಾತ್ರ ಮಾಡಬೇಡಿ.

ಈಗ ಎಲ್ಲರೂ ಕೇಳುವ ಇನ್ನೊಂದು ವಿಷಯ. ರೇಸ್ ಇಳಿಸಿ ಓಡಿಸಿದರೆ ಉಳಿತಾಯ ಅಲ್ವಾ?

ಇದಕ್ಕೆ ಉತ್ತರ ಬೇಕಾದರೆ ಪಂಪಿನ ಒಳಗೆ ಇಣುಕಬೇಕು. ಇದು ಎರಡು ಹಂತದ ಪಂಪ್. ನನ್ನ ಪ್ರಕಾರ ಇಡೀ ಮಿಷನ್ನಿನಲ್ಲಿ ಜಾಣತನ ಇರುವುದು ಇಲ್ಲೇ. ಖಾಲಿ ಜಾಗದಲ್ಲಿ ರಾಡ್ ಮುಂದೆ ಬರುವಾಗ ನಿಮಿಷಕ್ಕೆ ಸುಮಾರು 42 ಲೀಟರ್ ಎಣ್ಣೆ ತಳ್ಳುತ್ತದೆ. ವೇಗ ಜಾಸ್ತಿ, ಒತ್ತಡ ಕಡಿಮೆ. ಕೊರಡಿಗೆ ತಾಗಿ ಒತ್ತಡ ಸುಮಾರು 600 ಪಿಎಸ್‌ಐ ದಾಟಿದ ಕೂಡಲೇ ಒಂದು ಹಂತ ಕಳಚಿಕೊಳ್ಳುತ್ತದೆ. ಆಗ ಎಣ್ಣೆ ನಿಮಿಷಕ್ಕೆ 11 ಲೀಟರಿಗೆ ಇಳಿಯುತ್ತದೆ, ಒತ್ತಡ 3000 ಪಿಎಸ್‌ಐವರೆಗೂ ಏರಬಲ್ಲದು. ಕಾರಿನ ಟೈರಿನಲ್ಲಿ ಇರುವುದು ಮೂವತ್ತು ಚಿಲ್ಲರೆ, ಹೋಲಿಸಿ ನೋಡಿ. ಶಬ್ದ ಗಮನಿಸಿ... ಇಲ್ಲಿ, ಈಗ. ಎಂಜಿನ್ ಒಂದು ಸಲ ಗುಟುರು ಹಾಕಿತಲ್ಲ, ಅದೇ ಆ ಬದಲಾವಣೆ. 42 ಲೀಟರನ್ನೂ 3000 ಪಿಎಸ್‌ಐನಲ್ಲಿ ತಳ್ಳಬೇಕಿದ್ದರೆ 19 ಅಶ್ವಶಕ್ತಿ ಬೇಕಾಗುತ್ತಿತ್ತು. ಎರಡು ಹಂತ ಇರುವುದರಿಂದ ಐದಾರು ಅಶ್ವಶಕ್ತಿಯಲ್ಲೇ ಕೆಲಸ ಮುಗಿಯುತ್ತದೆ.

ರೇಸ್ ಇಳಿಸಿದರೆ ಗಂಟೆಯ ಖರ್ಚು ಕಡಿಮೆ ಆಗುತ್ತದೆ. ಅದರಲ್ಲಿ ಅನುಮಾನವಿಲ್ಲ. ಆದರೆ ಪಂಪಿನಿಂದ ಬರುವ ಎಣ್ಣೆಯೂ ಅಷ್ಟೇ ಕಡಿಮೆ ಆಗುತ್ತದೆ, ರಾಡ್ ನಿಧಾನವಾಗುತ್ತದೆ, ಅದೇ ರಾಶಿಗೆ ಹೊತ್ತು ಜಾಸ್ತಿ ಬೇಕು. ಸಡಿಲವಾದ ನೇರ ಮರಕ್ಕೆ ಸ್ವಲ್ಪ ಇಳಿಸಿದರೆ ಒಂದಿಷ್ಟು ಉಳಿಯಬಹುದು. ಗಂಟು ಸಿಕ್ಕಿದಾಗ ನೋಡಿ ತಮಾಷೆ. ಹಂತ ಬದಲಾಗುವ ಮೊದಲೇ ಎಂಜಿನ್ ಕೆಮ್ಮಿ ನಿಂತುಬಿಡುತ್ತದೆ. ಇನ್ನೊಂದು, ಈ ಎಂಜಿನ್ನನ್ನು ತಣ್ಣಗಿಡುವ ಫ್ಯಾನ್ ಅದೇ ಶಾಫ್ಟಿಗೆ ಕೂತಿದೆ. ಸುತ್ತು ಇಳಿಸಿದರೆ ಗಾಳಿಯೂ ಕಡಿಮೆ. ಹಾಗಾಗಿ ನಾನು ಸೀಳುವಾಗ ಪೂರ್ತಿ ರೇಸ್ ಕೊಡುತ್ತೇನೆ. ಒಂದೆರಡು ನಿಮಿಷದ ಬಿಡುವಾದರೆ ಇಳಿಸುತ್ತೇನೆ. ಅದಕ್ಕಿಂತ ಜಾಸ್ತಿ ಅಂದರೆ ಆಫ್. ಬಿಸಿ ಎಂಜಿನ್ ಒಂದೇ ಎಳೆತಕ್ಕೆ ಎದ್ದುಬಿಡುತ್ತದೆ, ಅದಕ್ಕೆ ಸೋಮಾರಿತನ ಬೇಡ.

ನಾನು ನಿಜವಾಗಿಯೂ ಗಮನಿಸದೇ ಇದ್ದದ್ದು ಹಿಂದಕ್ಕೆ ಬರುವ ಪಯಣ. ಈ ಸಿಲಿಂಡರ್ 4 ಇಂಚು ಅಗಲ, 24 ಇಂಚು ಉದ್ದ. ಪೂರ್ತಿ ತುಂಬಲು ಹತ್ತಿರಹತ್ತಿರ 5 ಲೀಟರ್ ಎಣ್ಣೆ ಬೇಕು. ಹೋಗಲು ಏಳು ಸೆಕೆಂಡ್, ಬರಲು ಐದು. ಒಟ್ಟು ಹನ್ನೆರಡು. ಆದರೆ ನನ್ನ ಕೊರಡುಗಳ ಉದ್ದ 16 ಇಂಚು ಮಾತ್ರ! ಪ್ರತಿ ಸಲ ರಾಡನ್ನು ಕೊನೆಯವರೆಗೂ ವಾಪಸ್ ಕಳಿಸಿ, ಮುಂದಿನ ಕೊರಡಿಗೆ ಎಂಟು ಇಂಚು ಖಾಲಿ ಗಾಳಿಯಲ್ಲಿ ಓಡಿಸುತ್ತಿದ್ದೆ. ಹೋಗುವಾಗ ಎಂಟು, ಬರುವಾಗ ಎಂಟು. ಈಗ ಕೊರಡು ಹಿಡಿಯುವಷ್ಟು ಜಾಗ ಆದ ಕೂಡಲೇ ಲಿವರ್ ನಡುವಿಗೆ ತರುತ್ತೇನೆ. ಹನ್ನೆರಡು ಸೆಕೆಂಡಿನಲ್ಲಿ ನಾಲ್ಕು ಉಳಿಯಿತು. ಬರೀ ಕೈಯ ಅಭ್ಯಾಸದಿಂದ.

ಹಾಗೆಯೇ ಮುಂದಕ್ಕೆ ಹೋಗುವಾಗಲೂ. ಕೊರಡು ಅರ್ಧದಲ್ಲೇ ಎರಡಾಗಿ ಬಿದ್ದಿದ್ದರೆ ಬೆಣೆಯವರೆಗೂ ತಳ್ಳುವುದೇಕೆ? ಇನ್ನು ಕೆಲವರು ರಾಡ್ ತುದಿ ಮುಟ್ಟಿದ ಮೇಲೂ ಲಿವರ್ ಒತ್ತಿ ಹಿಡಿದಿರುತ್ತಾರೆ. ಆಗ ಎಣ್ಣೆ ಹೋಗಲು ಜಾಗವಿಲ್ಲದೆ, ಒತ್ತಡ ಮಿತಿ ಮೀರದಂತೆ ಕಾಯುವ ರಿಲೀಫ್ ವಾಲ್ವ್ ಕಿರುಚುತ್ತದೆ. ಆ ಕಿರುಚಾಟ ಪೂರ್ತಿ ಭಾರದ ಪೆಟ್ರೋಲಿನಲ್ಲಿ ಓಡುತ್ತಿರುತ್ತದೆ.

ಟನ್ನಿನ ಬಗ್ಗೆ ಎರಡು ಮಾತು. ಮಿಷನ್ ಮೇಲೆ ಅಂಟಿಸಿದ ಸಂಖ್ಯೆ ನೋಡಿ ಮರುಳಾಗಬೇಡಿ. 4 ಇಂಚಿನ ಸಿಲಿಂಡರ್ 3000 ಪಿಎಸ್‌ಐನಲ್ಲಿ ಕೊಡುವುದು ಸುಮಾರು 17 ಟನ್. 5 ಇಂಚಿನದ್ದು ತಗೊಂಡರೆ ಬಲ ಒಂದೂವರೆ ಪಟ್ಟಿಗಿಂತ ಜಾಸ್ತಿ. ಆದರೆ ಅದನ್ನು ತುಂಬಲು ಎಣ್ಣೆಯೂ ಅಷ್ಟೇ ಪಟ್ಟು ಜಾಸ್ತಿ ಬೇಕು. ಅದೇ ಪಂಪ್ ಆದರೆ ರಾಡ್ ಆಮೆ ಆಗುತ್ತದೆ. ದೊಡ್ಡ ಪಂಪ್ ಹಾಕಿದರೆ ದೊಡ್ಡ ಎಂಜಿನ್ ಬೇಕು. ಸೀಳುವ ನೂರು ಕೊರಡಿನಲ್ಲಿ ಅಷ್ಟು ಬಲ ಬೇಡುವುದು ನಾಲ್ಕೋ ಐದೋ ಆದರೆ, ಉಳಿದವಕ್ಕೂ ಆ ದೊಡ್ಡ ಎಂಜಿನ್ನಿನ ಹೊಟ್ಟೆ ತುಂಬಿಸುತ್ತಾ ಇರಬೇಕು.

ಹೈಡ್ರಾಲಿಕ್ ಅಲ್ಲದ ಮಿಷನ್ನೂ ಇದೆ. ಎರಡು ಭಾರದ ಫ್ಲೈವೀಲ್, ಒಂದು ಹಲ್ಲಿನ ಪಟ್ಟಿ. ಎಂಜಿನ್ ಚಕ್ರಗಳನ್ನು ತಿರುಗಿಸುತ್ತಿರುತ್ತದೆ, ಲಿವರ್ ಎಳೆದಾಗ ಆ ಓಟವೆಲ್ಲ ಒಂದೇ ಏಟಿಗೆ ಕೊರಡಿಗೆ ಬೀಳುತ್ತದೆ. ಹೋಗಿ ಬರಲು ಎರಡು ಮೂರು ಸೆಕೆಂಡ್. ಎಣ್ಣೆ ಸುತ್ತಿಸುವ ಖರ್ಚೇ ಇಲ್ಲ. ನಾನು ಕೊರಡು ಎತ್ತಿಡುವ ಹೊತ್ತಿನಲ್ಲೂ ಎಂಜಿನ್ ಚಕ್ರಕ್ಕೆ ಶಕ್ತಿ ತುಂಬುತ್ತಿರುತ್ತದೆ, ಅದು ವ್ಯರ್ಥವಲ್ಲ. ನೇರ ಮರಕ್ಕೆ ಪೆಟ್ರೋಲ್ ಲೆಕ್ಕದಲ್ಲಿ ಅದನ್ನು ಹೊಡೆಯುವವರಿಲ್ಲ. ಗಂಟಿನ ಮರದಲ್ಲಿ ಮಾತ್ರ ಬೆಣೆ ಸಿಕ್ಕಿಕೊಂಡು ನಿಲ್ಲುತ್ತದೆ. ಹೈಡ್ರಾಲಿಕ್ ಆದರೆ ಅಲ್ಲೇ ನಿಂತು ನಿಧಾನವಾಗಿ ಒತ್ತುತ್ತಾ ಹರಿದೇ ಹಾಕುತ್ತದೆ. ನನ್ನ ರಾಶಿಯಲ್ಲಿ ಗಂಟು ಜಾಸ್ತಿ, ಅದಕ್ಕೇ ಇದು.

ಎಂಜಿನ್ನಿನ ಆರೈಕೆ ನಿಮಗೆ ಗೊತ್ತಿರುವುದೇ. ಮರದ ಪುಡಿ ತುಂಬಿದ ಏರ್ ಫಿಲ್ಟರ್, ಅರ್ಧ ಎಳೆದಿದ್ದು ಮರೆತುಹೋದ ಚೋಕ್. ಇವೆರಡೂ ಸುಮ್ನೆ ಪೆಟ್ರೋಲ್ ಕುಡಿಸುತ್ತವೆ. ಸೈಲೆನ್ಸರಿನಿಂದ ಕಪ್ಪು ಹೊಗೆ ಬಂದರೆ ಮೊದಲು ಅವನ್ನೇ ನೋಡಿ. ಚಳಿಯಲ್ಲಿ ಹೈಡ್ರಾಲಿಕ್ ಎಣ್ಣೆ ಗಟ್ಟಿಯಾಗಿರುತ್ತದೆ, ಭಾರದ ಕೊರಡಿಗೆ ಕೈ ಹಾಕುವ ಮೊದಲು ನಾಲ್ಕೈದು ಸಲ ರಾಡ್ ಖಾಲಿ ಓಡಿಸಿ ಬೆಚ್ಚಗೆ ಮಾಡಿ.

ಇನ್ನು ಅಳೆದ ರೀತಿ ಹೇಳುತ್ತೇನೆ, ನೀವೂ ಮಾಡಿ ನೋಡಬಹುದು. ಸಮತಟ್ಟಾದ ಜಾಗದಲ್ಲಿ ಮಿಷನ್ ನಿಲ್ಲಿಸಿ, ಟ್ಯಾಂಕಿನ ಒಳಗಿನ ಗುರುತಿನವರೆಗೆ ಪೆಟ್ರೋಲ್ ತುಂಬಿ. ಸೀಳಿದ್ದನ್ನು ಒಂದು ಮೀಟರ್ ಉದ್ದ, ಒಂದು ಮೀಟರ್ ಎತ್ತರಕ್ಕೆ ಜೋಡಿಸಿ. ಅಷ್ಟಾದ ಮೇಲೆ ಎಂಜಿನ್ ಪೂರ್ತಿ ತಣ್ಣಗಾಗಲು ಬಿಡಿ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಸುರಿಯುವ ಧೈರ್ಯ ಯಾರೂ ಮಾಡಬಾರದು. ಆಮೇಲೆ ಅಳತೆ ಜಾರಿನಿಂದ ಅದೇ ಗುರುತಿಗೆ ಮತ್ತೆ ತುಂಬಿ. ಎಷ್ಟು ಹಿಡಿಯಿತೋ ಅದೇ ಖರ್ಚು. ಹಳೆಯ ರೀತಿಯಲ್ಲಿ ಒಂದು ರಾಶಿ, ತಮ್ಮನ ರೀತಿಯಲ್ಲಿ ಒಂದು ರಾಶಿ, ಹೀಗೆ ಅಳೆದೆ. ಎರಡು ಜಾರ್ ಪಕ್ಕಪಕ್ಕ ಇಟ್ಟ ಶಾಟ್ ಇದು. ಎಡಗಡೆಯದ್ದು ಹಳೆಯದು. ಒಂದೊಂದೇ ರಾಶಿ, ಮರವೂ ಪೂರ್ತಿ ಒಂದೇ ಥರ ಇರಲಿಲ್ಲ, ಹಾಗಾಗಿ ಇದನ್ನು ಪ್ರಯೋಗ ಅನ್ನುವುದಿಲ್ಲ. ಆದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮುಜುಗರದ ಲೆಕ್ಕವನ್ನೂ ಹೇಳಲೇಬೇಕು. ಒಂದು ಲೀಟರ್ ಪೆಟ್ರೋಲಿನ ಶಕ್ತಿ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 9 ಯೂನಿಟ್. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯದ್ದು ಸುಮಾರು 4 ಯೂನಿಟ್. ಅಂದರೆ ಲೀಟರ್ ಪೆಟ್ರೋಲಿಗೆ ಸಮ ಎರಡೂಕಾಲು ಕಿಲೋ ಸೌದೆ, ಎರಡು ಸೀಳು ಅನ್ನಿ. ಇಡೀ ರಾಶಿಯಲ್ಲಿ ಎರಡು ಸೀಳು! ಆ ಇಡೀ ರಾಶಿಯನ್ನು ಹಸಿಯಾಗಿ ಉರಿಸಿದರೆ, ಅದರೊಳಗಿನ ನೀರನ್ನು ಆವಿ ಮಾಡಲು ಹೋಗುವ ಶಕ್ತಿಯ ಮುಂದೆ ನನ್ನ ಪೆಟ್ರೋಲ್ ಉಳಿತಾಯ ಲೆಕ್ಕಕ್ಕೇ ಇಲ್ಲ. ಹಾಗಾದರೆ ಇಷ್ಟು ತಲೆ ಕೆಡಿಸಿಕೊಂಡಿದ್ದು ಯಾಕೆ ಅಂತ ತಮ್ಮನೂ ಕೇಳಿದ. ಪೆಟ್ರೋಲಿಗಿಂತ ಹೆಚ್ಚಾಗಿ ಈ ಶಬ್ದಕ್ಕೆ, ಮಾರಾಯ. ಎಂಜಿನ್ ಓಡುವ ಹೊತ್ತು ಕಡಿಮೆಯಾದರೆ ಕಿವಿಗೆ ನೆಮ್ಮದಿ. ಎಂಜಿನ್ ಆಯಿಲ್ ಬದಲಿಸುವುದೂ ಓಡಿದ ಗಂಟೆಗಳ ಲೆಕ್ಕದಲ್ಲೇ ಅಲ್ವಾ?

ಇದು ದಿನದ ಕೊನೆಯ ಶಾಟ್. ಪೆಟ್ರೋಲಿನ ನಲ್ಲಿಯನ್ನು ಮುಚ್ಚಿದ್ದೇನೆ, ಕಾರ್ಬುರೇಟರಿನಲ್ಲಿ ಉಳಿದದ್ದು ಖಾಲಿಯಾಗಲಿ ಅಂತ. ಹಾಗೇ ಬಿಟ್ಟರೆ ತಿಂಗಳುಗಟ್ಟಲೆ ನಿಂತು ಅಂಟಾಗುತ್ತದೆ. ಅದು ಮುಗಿಯುವವರೆಗೂ ಸುಮ್ಮನಿರುವುದೇಕೆ ಅಂತ ತಮ್ಮ ಇನ್ನೊಂದು ಕೊರಡು ತಂದಿಟ್ಟ. ಬೆಣೆ ಒಳಗೆ ಹೋಯಿತು, ಅರ್ಧ ಬಿರಿಯಿತು, ಎಂಜಿನ್ ಎರಡು ಸಲ ಕೆಮ್ಮಿತು... ನಿಂತಿತು.

ಕೊರಡು ಇನ್ನೂ ಬೆಣೆಗೆ ಸಿಕ್ಕಿಕೊಂಡೇ ಇದೆ. ತಮ್ಮ ಕೊಡಲಿ ತರಲು ಹೋಗಿದ್ದಾನೆ.