ನೋಡದೇ ‘ಎಲ್ಲ ಸರಿಯಿದೆ’ ಅನ್ನಬೇಡಿ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: “ಹೆಂಗಸರಿಗೆ ಸುಖ ಸಿಗುತ್ತಿಲ್ಲ ಅಂದರೆ ಅದು ಮನಸ್ಸಿನ ಸಮಸ್ಯೆ. ಟೆನ್ಷನ್ ಬಿಡಲಿ.” ಓದಿ ಮೈ ಉರಿದುಹೋಯಿತು. ಯಾವ ಡಾಕ್ಟರಾದರೂ ಕ್ಲಿಟೋರಿಸ್ ಅನ್ನು, ಅಂದರೆ ಯೋನಿಯ ಮೇಲ್ಭಾಗದಲ್ಲಿರುವ, ಹೆಂಗಸಿನ ಸುಖದ ಮುಖ್ಯ ಅಂಗವನ್ನು ನೋಡಿದರಾ? ಇಲ್ಲ. ನೋಡದೇ ಮನಸ್ಸಿನ ಮೇಲೆ ಹೊರಿಸಿಬಿಟ್ಟರು!

ಕ್ಲಿಟೋರಿಸ್‌ನ ತುದಿಯ ಮೇಲೆ ಚರ್ಮದ ಮುಸುಕು ಇರುತ್ತದೆ. ಮೆಲ್ಲಗೆ ಹಿಂದೆ ಸರಿಸಿದರೆ ತುದಿಯ ಬುಡದ ಅಂಚು ಸುತ್ತಲೂ ಕಾಣಬೇಕು. ಕೆಲವರಲ್ಲಿ ಮುಸುಕು ತುದಿಗೇ ಅಂಟಿಕೊಂಡಿರುತ್ತದೆ. ಆಗ ಉದುರಿದ ಚರ್ಮದ ಕಣ, ಜಿಡ್ಡು ಹೊರಗೆ ಬರಲಾಗದೆ ಒಳಗೇ ಗಟ್ಟಿಯಾಗಿ ಬಿಳಿ ಕಾಳಾಗುತ್ತದೆ. ಕಣ್ಣಲ್ಲಿ ಮರಳು ಸಿಕ್ಕಿಕೊಂಡ ಹಾಗೆ. ಒಬ್ಬರಿಗೆ ಮುಟ್ಟಿದರೆ ಉರಿ, ನೋವು. ಇನ್ನೊಬ್ಬರಿಗೆ ಸ್ಪರ್ಶವೇ ಮಂಕು, ಆರ್ಗಸಂ, ಅಂದರೆ ಸುಖದ ತುತ್ತತುದಿ, ಬರುವುದೇ ಇಲ್ಲ. ಇದಕ್ಕೆ ಟೆನ್ಷನ್ ಬಿಟ್ಟರೆ ಏನಾಗುತ್ತದೆ ಹೇಳಿ?

“ಇದೆಲ್ಲ ಅಪರೂಪ” ಅಂತೀರಾ? ಲೈಂಗಿಕ ಆರೋಗ್ಯದ ಒಂದು ಕ್ಲಿನಿಕ್‌ಗೆ ಬಂದಿದ್ದ ಹೆಂಗಸರ ಬಗ್ಗೆ 2018ರಲ್ಲಿ ಅಧ್ಯಯನ ಪ್ರಕಟವಾಯಿತು. ಶೇ. 23ರಷ್ಟು ಮಂದಿಯಲ್ಲಿ ಈ ಅಂಟು ಕಂಡಿತ್ತು. ಎಲ್ಲ ಹೆಂಗಸರ ಲೆಕ್ಕ ಅಲ್ಲ ಅದು, ಸರಿ. ಆದರೆ ತೊಂದರೆ ಅಂತ ಬಂದವರನ್ನಾದರೂ ಡಾಕ್ಟರ್‌ಗಳು ನೋಡಬೇಕಲ್ವಾ?

“ಅಂಟಿದ್ದರೂ ಎಷ್ಟೋ ಜನ ಆರಾಮಾಗಿದ್ದಾರೆ.” ಇರಲಿ, ಅವರ ತಂಟೆಗೆ ಹೋಗಬೇಡಿ. ನೋವು ಅಂದವರನ್ನು ನೋಡಿ!

“ಮುಜುಗರ ಆಗುತ್ತೆ” ಅಂತೀರಾ ಡಾಕ್ಟರ್? ಯಾರಿಗೆ? ಯೋನಿ ಅಗಲಿಸುವ ಉಪಕರಣ ಸ್ಪೆಕ್ಯುಲಂ ಹಾಕಿ ಗರ್ಭಕೋಶದ ಬಾಯಿ ನೋಡುವಾಗ ಇಲ್ಲದ ಮುಜುಗರ ಸ್ವಲ್ಪ ಮೇಲೆ ನೋಡುವಾಗ ಎಲ್ಲಿಂದ ಬಂತು? ಹೆಂಗಸಿನ ಒಪ್ಪಿಗೆ ಕೇಳಿ, ಮುಸುಕು ಸರಿಸಿ, ನೋಡಿ. ಅರ್ಧ ನಿಮಿಷದ ಕೆಲಸ. ಆಸ್ಟ್ರೇಲಿಯಾದ ಯೂರಾಲಜಿಸ್ಟ್ (ಮೂತ್ರಾಂಗ ತಜ್ಞೆ) ಹೆಲೆನ್ ಓಕಾನಲ್ ಈ ಅಂಗದ ರಚನೆ ಪಠ್ಯಪುಸ್ತಕದಲ್ಲಿದ್ದದ್ದಕ್ಕಿಂತ ಎಷ್ಟು ದೊಡ್ಡದು ಅಂತ 1998ರಲ್ಲೇ ತೋರಿಸಿಕೊಟ್ಟರು. ಇನ್ನೂ ಎಷ್ಟು ದಿನ ಕಣ್ಣು ಮುಚ್ಚಿಕೊಂಡಿರುತ್ತೀರಿ?

ಚಾನೆಲ್‌ಗೆ ಹೊಸಬರಾದರೆ ಸಬ್‌ಸ್ಕ್ರೈಬ್ ಆಗಿ. ಇಂಥ ವಿಷಯ ನಾನು ಬಿಡುವುದಿಲ್ಲ.

ಮುಟ್ಟು ನಿಂತು ಈಸ್ಟ್ರೊಜೆನ್ ಹಾರ್ಮೋನು ಇಳಿದಾಗ, ಪದೇ ಪದೇ ಸೋಂಕಾದಾಗ, ಲೈಕನ್ ಸ್ಕ್ಲೆರೋಸಸ್ ಅನ್ನೋ ಚರ್ಮರೋಗ ಇದ್ದಾಗ ಮುಸುಕು ಹೀಗೆ ಅಂಟಬಹುದು. ಕಾರಣ ನೋಡಿಕೊಂಡು ಕ್ರೀಮ್ ಕೊಡುತ್ತಾರೆ. ಬೇಕಾದರೆ ಆ ಜಾಗ ಮರಗಟ್ಟಿಸಿ ಕ್ಲಿನಿಕ್‌ನಲ್ಲೇ ಅಂಟು ಬಿಡಿಸುತ್ತಾರೆ. ಮನೆಯಲ್ಲಿ ನೀವೇ ಎಳೆಯಲು ಹೋಗಬೇಡಿ, ದಯವಿಟ್ಟು. ಡಾಕ್ಟರ್ ನೋಡದೇ “ಎಲ್ಲ ಸರಿಯಿದೆ” ಅಂದರೆ ನೇರವಾಗಿ ಕೇಳಿ: “ಮುಸುಕು ಸರಿಸಿ ನೋಡಿದ್ರಾ ಮೇಡಂ?” ನೋಡಿಲ್ಲ ಅಂದರೆ ಬೇರೆ ಡಾಕ್ಟರ್ ಹತ್ತಿರ ಹೋಗಿ. ಮುಂದಿನ ವಿಡಿಯೋ ಲೈಕನ್ ಸ್ಕ್ಲೆರೋಸಸ್ ಬಗ್ಗೆಯೇ. ಪ್ರಶ್ನೆ ಇದ್ದರೆ ಕೆಳಗೆ ಬರೆಯಿರಿ. ಆ ಕಾಮೆಂಟ್ ಹಾಕಿದವರೂ ಬರೆಯಲಿ.