ವೈನ್ ಪಾರ್ಸೆಲ್ ಮತ್ತು ರಾಜ್ಯದ ಗಡಿ

(ಕಾನೂನು ವಿದ್ಯಾರ್ಥಿಗಳಿಗಾಗಿ ಸಂವಿಧಾನ ದಿನದಂದು ಮಾಡಿದ ಉಪನ್ಯಾಸ)

ಸ್ನೇಹಿತರೇ, ನಮಸ್ಕಾರ.

ಒಕ್ಕೂಟ ವ್ಯವಸ್ಥೆಯ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ನಾನು ಆರಿಸಿಕೊಂಡಿರುವುದು ಅಮೆರಿಕದಲ್ಲಿ ವೈನ್ ಪಾರ್ಸೆಲ್ ಕಳಿಸುವ ಕಾನೂನು. ಸಂವಿಧಾನ ದಿನಕ್ಕೆ ವೈನ್ ಯಾಕೆ ಅಂತ ಹಿಂದಿನ ಸಾಲಿನಲ್ಲಿ ನಗು ಕೇಳಿಸಿತು. ನಗಿ, ಪರವಾಗಿಲ್ಲ. ಆದರೆ ಒಂದೇ ದೇಶದೊಳಗೆ ರಾಜ್ಯ ರಾಜ್ಯಗಳ ನಡುವೆ ಬೇಲಿ ಹೇಗೆ ಏಳುತ್ತದೆ, ಯಾರು ಅದನ್ನು ಹಾಕಿಸುತ್ತಾರೆ, ಹಾಕಿಸುವಾಗ ಎಂಥ ಒಳ್ಳೆಯ ಮಾತು ಆಡುತ್ತಾರೆ ಅನ್ನುವುದನ್ನು ಇಷ್ಟು ಬಿಡಿಸಿ ತೋರಿಸುವ ವಿಷಯ ನನಗೆ ಇನ್ನೊಂದು ಸಿಕ್ಕಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮದ್ಯದ ಮೇಲೆ ರಾಜ್ಯಕ್ಕೆ ಅಧಿಕಾರ ಇರಬೇಕು. ಬೇಕಾದರೆ ಪೂರ್ತಿ ನಿಷೇಧ ಮಾಡಲಿ, ಮಿತಿ ಹಾಕಲಿ, ಜಾಸ್ತಿ ತೆರಿಗೆ ಹಾಕಲಿ. ಆದರೆ ತನ್ನ ಊರಿನವನಿಗೆ ಒಂದು ಬಾಗಿಲು, ಪಕ್ಕದ ರಾಜ್ಯದವನಿಗೆ ಇನ್ನೊಂದು ಬಾಗಿಲು ಇಡಬಾರದು. ಯಾವುದೇ ಅಬಕಾರಿ ನಿಯಮ ಕೈಗೆ ಬಂದಾಗ ನಾನು ಕೇಳುವ ಪ್ರಶ್ನೆ ಒಂದೇ: ಇದು ಕಾಯುತ್ತಿರುವುದು ಯಾರನ್ನು? ಇವತ್ತು ಈ ಪ್ರಶ್ನೆಯನ್ನು ಹಲವು ಸಲ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಿನ್ನೆಲೆ ನಿಮಗೆ ಗೊತ್ತಿದೆ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. 21ನೇ ತಿದ್ದುಪಡಿ ಬಂದು ಅದು ಮುಗಿಯಿತು. ಆ ತಿದ್ದುಪಡಿಯ ಎರಡನೇ ಭಾಗದ ಪ್ರಕಾರ, ಒಂದು ರಾಜ್ಯದ ಕಾನೂನು ಮುರಿದು ಆ ರಾಜ್ಯದೊಳಕ್ಕೆ ಮದ್ಯ ತರುವಂತಿಲ್ಲ. ಅದನ್ನು ಹಿಡಿದುಕೊಂಡು ರಾಜ್ಯಗಳು ಮೂರು ಹಂತದ ವ್ಯವಸ್ಥೆ ಕಟ್ಟಿದವು. ತಯಾರಕ ಸಗಟು ವ್ಯಾಪಾರಿಗೆ ಮಾರಬೇಕು. ಸಗಟು ವ್ಯಾಪಾರಿ ಅಂಗಡಿಗೆ ಮಾರಬೇಕು. ಅಂಗಡಿಯವನು ನಮಗೆ ಮಾರಬೇಕು. ಪಾನನಿಷೇಧಕ್ಕೆ ಮುಂಚೆ ತಯಾರಕರೇ ಸೆಲೂನು ಅನ್ನುವ ಮದ್ಯದಂಗಡಿಗಳನ್ನು ಹಿಡಿತದಲ್ಲಿ ಇಟ್ಟುಕೊಂಡು ಜನರಿಗೆ ಸುಮ್ಮಸುಮ್ಮನೆ ಕುಡಿಸುತ್ತಿದ್ದರು. ಅದು ಮತ್ತೆ ಆಗಬಾರದು ಅನ್ನುವ ಕಾಳಜಿ ಇದರ ಹಿಂದೆ ಇತ್ತು. ನಿಜವಾದ ಕಾಳಜಿ ಅದು. ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ.

ಈಗ ವರ್ಜೀನಿಯಾಕ್ಕೆ ಬನ್ನಿ. ಈ ಭಾಗವನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನನಗೆ ಇದು ಬಹಳ ಇಷ್ಟ.

ಮಿಡಲ್‌ಬರ್ಗ್ ಅಂತ ಒಂದು ಸಣ್ಣ ಊರು. ಅಲ್ಲಿ ವಾನೀಟಾ ಸ್ವೀಡನ್‌ಬರ್ಗ್ ಅನ್ನುವ ಹೆಂಗಸು ಒಂದು ಸಣ್ಣ ದ್ರಾಕ್ಷಿ ತೋಟ, ಒಂದು ಸಣ್ಣ ವೈನರಿ ನಡೆಸುತ್ತಿದ್ದರು. ದೊಡ್ಡ ಕಂಪನಿ ಏನಲ್ಲ, ಮನೆಯವರೇ ಸೇರಿ ಮಾಡುವ ಕೆಲಸ. ತೋಟ ನೋಡಲು ಬೇರೆ ಬೇರೆ ರಾಜ್ಯದ ಪ್ರವಾಸಿಗಳು ಬರುತ್ತಿದ್ದರು. ರುಚಿ ನೋಡಿ, ಚೆನ್ನಾಗಿದೆ, ನಮ್ಮ ಮನೆಗೆ ಒಂದು ಪೆಟ್ಟಿಗೆ ಕಳಿಸಿ ಅಂತ ಕೇಳುತ್ತಿದ್ದರು. ಬಹಳಷ್ಟು ಜನರಿಗೆ ಆಕೆ ಕೊಡಬೇಕಾಗಿದ್ದ ಉತ್ತರ: ಆಗುವುದಿಲ್ಲ, ನಿಮ್ಮ ರಾಜ್ಯದ ಕಾನೂನು ಬಿಡುವುದಿಲ್ಲ. ಗಿರಾಕಿ ಎದುರಿಗೇ ಇದ್ದಾನೆ, ದುಡ್ಡು ಕೈಯಲ್ಲಿದೆ, ವಯಸ್ಸೂ ಕಣ್ಣಿಗೆ ಕಾಣುತ್ತದೆ. ಆದರೂ ಕಳಿಸುವಂತಿಲ್ಲ.

ಒಂದು ದಿನ ಆ ವೈನರಿಗೆ ಕ್ಲಿಂಟ್ ಬೋಲಿಕ್ ಬಂದರು. ವಕೀಲರು. ಸಣ್ಣ ಉದ್ಯಮಗಳನ್ನು ಕಟ್ಟಿಹಾಕುವ ಸರ್ಕಾರಿ ನಿಯಮಗಳ ವಿರುದ್ಧ ಮೊಕದ್ದಮೆ ಹೂಡುವುದೇ ಅವರ ಕೆಲಸ. ಮುಂದೆ ಅರಿಝೋನಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಆದರು. ಆವತ್ತು ಬಂದಿದ್ದು ಮಾತ್ರ ವೈನ್ ರುಚಿ ನೋಡಲು. ಅವರೇ ಹಲವು ಸಲ ಹೇಳಿಕೊಂಡಿರುವ ಪ್ರಸಂಗ ಇದು. ಆಕೆ ವೈನ್ ಸುರಿಯುತ್ತಾ, ನಿಮ್ಮ ಕೆಲಸ ಏನು ಅಂತ ವಿಚಾರಿಸಿದರು. ಇವರು ಹೇಳಿದರು. ಸರಿ, ಹಾಗಾದರೆ ನಿಮಗೆ ಬೇಕಾದಂಥ ನಿಯಮ ನನ್ನ ಹತ್ತಿರ ಒಂದಿದೆ ಅಂತ ಆಕೆ ಶುರು ಮಾಡಿಬಿಟ್ಟರು! ವಕೀಲರಾಗಲಿರುವ ನೀವೆಲ್ಲ ಇದನ್ನು ನೆನಪಿಡಿ. ಕಕ್ಷಿದಾರರು ಕಚೇರಿಗೇ ಬರಬೇಕು ಅಂತೇನಿಲ್ಲ. ಎಲ್ಲಿ ಹೋದರೂ ಕಿವಿ ತೆರೆದಿರಿ.

ಆ ಮಾತುಕತೆ ಕೊನೆಗೆ ನ್ಯೂಯಾರ್ಕ್ ರಾಜ್ಯದ ಮೇಲೆ ಮೊಕದ್ದಮೆ ಆಯಿತು. ನ್ಯೂಯಾರ್ಕಿನ ಕಾನೂನು ಹೇಗಿತ್ತು ಕೇಳಿ. ಅಲ್ಲಿನ ವೈನರಿಗಳು ತಮ್ಮ ಜನರಿಗೆ ನೇರವಾಗಿ ಕಳಿಸಬಹುದು. ಹೊರಗಿನ ವೈನರಿಯೂ ಕಳಿಸಬಹುದು, ಆದರೆ ನ್ಯೂಯಾರ್ಕಿನಲ್ಲಿ ಒಂದು ಶಾಖೆ, ಕಚೇರಿ ಅಥವಾ ಗೋದಾಮು ತೆರೆಯಬೇಕು. ಮಿಡಲ್‌ಬರ್ಗಿನ ಒಬ್ಬ ಹೆಂಗಸು ನಾಲ್ಕು ಬಾಟಲಿ ಕಳಿಸಲು ನ್ಯೂಯಾರ್ಕಿನಲ್ಲಿ ಗೋದಾಮು ಹಿಡಿಯಬೇಕು! ಹಾಗೆ ಐವತ್ತು ರಾಜ್ಯಗಳೂ ಕೇಳಿದರೆ? ಈಗ ಹೇಳಿ, ಗೋದಾಮಿನ ಷರತ್ತು ಕಾಯುತ್ತಿರುವುದು ಯಾರನ್ನು? ನ್ಯೂಯಾರ್ಕಿನ ಮಕ್ಕಳನ್ನಂತೂ ಅಲ್ಲ.

ಅದೇ ಹೊತ್ತಿಗೆ ಮಿಷಿಗನ್ ರಾಜ್ಯದಲ್ಲೂ ಮೊಕದ್ದಮೆ ನಡೆದಿತ್ತು. ಅಲ್ಲಿ ಒಳಗಿನ ವೈನರಿಗಳು ಲೈಸೆನ್ಸ್ ಪಡೆದು ನೇರವಾಗಿ ಕಳಿಸಬಹುದಿತ್ತು. ಹೊರಗಿನವರು ಸಗಟು ವ್ಯಾಪಾರಿಯ ಮೂಲಕವೇ ಹೋಗಬೇಕಿತ್ತು. ಎರಡೂ ಮೊಕದ್ದಮೆಗಳು ಒಟ್ಟಿಗೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದವು. ಕ್ಯಾಲಿಫೋರ್ನಿಯಾದ ಒಂದು ಸಣ್ಣ ವೈನರಿಯ ಉದಾಹರಣೆ ತೀರ್ಪಿನಲ್ಲೇ ಇದೆ. ಡೊಮೇನ್ ಆಲ್ಫ್ರೆಡ್ ಅಂತ. ವರ್ಷಕ್ಕೆ 3,000 ಪೆಟ್ಟಿಗೆ ವೈನ್ ಮಾಡುತ್ತಿದ್ದರು. ಮಿಷಿಗನ್‌ನಿಂದ ಜನ ಕೇಳುತ್ತಿದ್ದರು. ಸಗಟು ವ್ಯಾಪಾರಿಯನ್ನು ಹುಡುಕಿದರೂ ಅವನ ಲಾಭ ಸೇರಿದರೆ ವ್ಯಾಪಾರ ಗಿಟ್ಟುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಿಜವಾದ ಒತ್ತಡ ಇರುವುದು ಇಲ್ಲಿ. ಆ ತೀರ್ಪು ಬರೆಯುವ ಹೊತ್ತಿಗೆ ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ವೈನರಿಗಳಿದ್ದವು. ಮೂವತ್ತು ವರ್ಷದಲ್ಲಿ ಮೂರು ಪಟ್ಟು ಆಗಿತ್ತು. ಆದರೆ 1984ರಲ್ಲಿ 1,600 ಇದ್ದ ಸಗಟು ವ್ಯಾಪಾರಿಗಳು 2002ರ ಹೊತ್ತಿಗೆ 600ಕ್ಕೆ ಇಳಿದಿದ್ದರು. ಮಾಡುವವರು ಹೆಚ್ಚಾದರು, ಮಧ್ಯದವರು ಕಡಿಮೆಯಾದರು. ನಾಲೆಯಲ್ಲಿ ನೀರು ಜೋರಾಗಿ ಬರುತ್ತಿರುವಾಗ ತೂಬನ್ನು ಕಿರಿದು ಮಾಡಿದ ಹಾಗೆ. ಸಗಟು ವ್ಯಾಪಾರಿ ಯಾರ ವೈನ್ ಎತ್ತಿಕೊಳ್ಳುತ್ತಾನೆ? ಲಾರಿಗಟ್ಟಲೆ ಕೊಡುವವನದ್ದು. ಸಾವಿರ ಪೆಟ್ಟಿಗೆ ಮಾಡುವ ರೈತನ ಫೋನ್ ಅವನು ಎತ್ತುವುದೂ ಇಲ್ಲ. ಅಂಥ ರೈತನಿಗೆ ಪಾರ್ಸೆಲ್ ಒಂದೇ ದಾರಿ. ಆ ದಾರಿಯನ್ನೇ ಮುಚ್ಚಿದ್ದರು.

ರಾಜ್ಯಗಳ ವಾದ ಏನಿತ್ತು? ಒಂದು, ಮಕ್ಕಳು ಇಂಟರ್ನೆಟ್‌ನಲ್ಲಿ ವೈನ್ ತರಿಸಿಕೊಳ್ಳುತ್ತಾರೆ. ಎರಡು, ತೆರಿಗೆ ತಪ್ಪಿಹೋಗುತ್ತದೆ. ಮಕ್ಕಳ ವಿಷಯ ಬಂದರೆ ಯಾರಿಗೂ ಎದುರು ಮಾತಾಡಲು ಮನಸ್ಸಾಗುವುದಿಲ್ಲ, ಅಲ್ವಾ? ಅದಕ್ಕೇ ಆ ವಾದವನ್ನು ಗಟ್ಟಿಯಾಗಿ ಪರೀಕ್ಷೆ ಮಾಡಬೇಕು. ವ್ಯಾಪಾರದ ಮೇಲೆ ಕಣ್ಣಿಡುವ ಅಲ್ಲಿನ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2003ರಲ್ಲಿ ಇದೇ ವಿಷಯದ ಮೇಲೆ ವರದಿ ಕೊಟ್ಟಿತ್ತು. ನೇರ ಪಾರ್ಸೆಲ್‌ಗೆ ಒಪ್ಪಿಗೆ ಕೊಟ್ಟ ರಾಜ್ಯಗಳು ಮಕ್ಕಳಿಂದ ದೊಡ್ಡ ತೊಂದರೆ ಆಗಿದೆ ಅಂತ ಹೇಳಲಿಲ್ಲ. ಕೋರ್ಟ್ ಕೂಡ ಸರಳ ಮಾತು ಹೇಳಿತು. ಎಳೆಯರು ವೈನ್ ಕಡೆ ಹೋಗುವುದು ಕಡಿಮೆ, ಮತ್ತು ಅವರಿಗೆ ಬೇಕಾದ್ದು ಆಗಲೇ ಬೇಕು. ಶನಿವಾರ ಸಂಜೆ ಪಾರ್ಟಿ ಮಾಡಬೇಕು ಅನ್ನುವ ಹುಡುಗ ಹತ್ತು ದಿನ ಕೊರಿಯರ್‌ಗೆ ಕಾಯುತ್ತಾನಾ? (ಹಾಸ್ಟೆಲ್‌ನವರು ಜಾಸ್ತಿ ನಗುತ್ತಿದ್ದೀರಿ, ನಿಮ್ಮ ವಾರ್ಡನ್ ಇಲ್ಲೇ ಕೂತಿದ್ದಾರೆ.) ಕಾಳಜಿ ಇದ್ದರೆ ಉಪಾಯವೂ ಇದೆ. ಪೆಟ್ಟಿಗೆ ಕೈಗೆ ಕೊಡುವಾಗ 21 ವರ್ಷ ದಾಟಿದವರ ಸಹಿ ಕಡ್ಡಾಯ ಮಾಡಿ. ತೆರಿಗೆ ಬೇಕಾದರೆ ಲೈಸೆನ್ಸ್ ಕೊಟ್ಟು, ಲೆಕ್ಕ ಕೇಳಿ, ತೆರಿಗೆ ವಸೂಲಿ ಮಾಡಿ.

ಇನ್ನೊಂದು ಗಮನಿಸಿ. ಪಾರ್ಸೆಲ್ ಮಕ್ಕಳಿಗೆ ಅಪಾಯ ಅನ್ನುವುದಾದರೆ, ಮಿಷಿಗನ್ ವೈನರಿಯ ಪಾರ್ಸೆಲ್ ಹೇಗೆ ಅಪಾಯ ಅಲ್ಲ? ವೈನ್ ಒಂದೇ, ಪೆಟ್ಟಿಗೆ ಒಂದೇ, ತಂದುಕೊಡುವ ಹುಡುಗನೂ ಒಬ್ಬನೇ. ಮತ್ತೆ ಅದೇ ಪ್ರಶ್ನೆ: ಕಾಯುತ್ತಿರುವುದು ಯಾರನ್ನು?

2005ರ ಮೇ 16ರಂದು ಗ್ರಾನ್‌ಹೋಮ್ ವಿರುದ್ಧ ಹೀಲ್ಡ್ ತೀರ್ಪು ಬಂತು. 5-4. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಕೆನಡಿ. ಅವರ ಜೊತೆ ನಿಂತವರನ್ನು ನೋಡಿ: ಸ್ಕಾಲಿಯಾ, ಸೌಟರ್, ಗಿನ್ಸ್‌ಬರ್ಗ್, ಬ್ರೇಯರ್. ಬಲದ ಸ್ಕಾಲಿಯಾ ಮತ್ತು ಎಡದ ಗಿನ್ಸ್‌ಬರ್ಗ್ ಒಂದೇ ಕಡೆ! ಎಡ ಬಲ ಅಂತ ನ್ಯಾಯಮೂರ್ತಿಗಳ ಪಟ್ಟಿ ಬರೆದಿಟ್ಟುಕೊಂಡು ತೀರ್ಪು ಊಹಿಸುವವರು ಈ ತೀರ್ಪನ್ನು ಒಮ್ಮೆ ನೋಡಬೇಕು.

ವಾದದ ತಿರುಳು ಇತಿಹಾಸದಲ್ಲಿದೆ. 1890ರ ವಿಲ್ಸನ್ ಕಾಯ್ದೆ, 1913ರ ವೆಬ್-ಕೆನ್ಯನ್ ಕಾಯ್ದೆ. ಹೊರಗಿನಿಂದ ಬರುವ ಮದ್ಯವನ್ನು ತಡೆಯುವ ಶಕ್ತಿಯನ್ನು ರಾಜ್ಯಗಳಿಗೆ ಕೊಟ್ಟಿದ್ದು ಇವು. ತಮ್ಮ ಮದ್ಯಕ್ಕೆ ಪಕ್ಷಪಾತ ಮಾಡುವ ಹಕ್ಕನ್ನು ಕೊಟ್ಟಿರಲಿಲ್ಲ. 21ನೇ ತಿದ್ದುಪಡಿ ಆ ಹಳೆಯ ಶಕ್ತಿಯನ್ನೇ ಸಂವಿಧಾನದೊಳಗೆ ತಂದಿತು, ಅದಕ್ಕಿಂತ ಹೆಚ್ಚಿನದನ್ನು ಅಲ್ಲ. ಇದು ಬಹುಮತದ ಓದು. 1936ರಲ್ಲಿ ನ್ಯಾಯಮೂರ್ತಿ ಬ್ರಾಂಡೈಸ್ ಬೇರೆ ಥರ ಓದಿದ್ದರು. ಬಿಯರ್ ತರಿಸಲು ಕ್ಯಾಲಿಫೋರ್ನಿಯಾ ಹಾಕಿದ್ದ 500 ಡಾಲರ್ ಶುಲ್ಕವನ್ನು ಅವರು ಎತ್ತಿಹಿಡಿದರು. ಆ ಓದು ದಶಕಗಳ ಕಾಲ ನಡೆಯಿತು. ಅದಕ್ಕೆ ದೊಡ್ಡ ಏಟು ಬಿದ್ದದ್ದು 1984ರಲ್ಲಿ. ಹವಾಯಿ ರಾಜ್ಯ ತನ್ನ ಅನಾನಸ್ ವೈನ್‌ಗೆ ಮತ್ತು ಅಲ್ಲಿನದೇ ಓಕೋಲೆಹಾವ್ ಅನ್ನುವ ಮದ್ಯಕ್ಕೆ 20 ಶೇಕಡಾ ತೆರಿಗೆಯಿಂದ ವಿನಾಯಿತಿ ಕೊಟ್ಟಿತ್ತು. ಅನಾನಸ್ ವೈನ್ ಕುಡಿದರೆ ಅಮಲು ಏರುವುದಿಲ್ಲವೇ? ಸಂಯಮ ಅನ್ನುವ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಕೋರ್ಟ್ ಆ ವಿನಾಯಿತಿಯನ್ನು ಒಪ್ಪಲಿಲ್ಲ.

2005ರ ತೀರ್ಪು ಪಾರ್ಸೆಲ್ ಬಿಡಲೇಬೇಕು ಅಂತ ಹೇಳಲಿಲ್ಲ. ಬಿಡುವುದಾದರೆ ಎಲ್ಲರಿಗೂ ಬಿಡಿ, ಮುಚ್ಚುವುದಾದರೆ ಎಲ್ಲರಿಗೂ ಮುಚ್ಚಿ ಅಂದಿತು. ಸಮಾನವಾಗಿ ಮುಚ್ಚಲೂ ಅವಕಾಶ ಇತ್ತು. ಹೆಚ್ಚಿನ ರಾಜ್ಯಗಳು ತೆರೆದವು. ಯಾಕೆ? ಮುಚ್ಚಿದರೆ ತಮ್ಮದೇ ತೋಟದವರು ಬೀದಿಗೆ ಇಳಿಯುತ್ತಿದ್ದರು. ನ್ಯೂಯಾರ್ಕ್ ಒಬ್ಬ ಗಿರಾಕಿಗೆ ವರ್ಷಕ್ಕೆ 36 ಪೆಟ್ಟಿಗೆ ಅಂತ ಮಿತಿ ಇಟ್ಟು ತೆರೆಯಿತು. ಪೆನ್ಸಿಲ್ವೇನಿಯಾದಲ್ಲಿ ವೈನ್ ಅಂಗಡಿಗಳನ್ನು ಸರ್ಕಾರವೇ ನಡೆಸುತ್ತದೆ. ಆ ರಾಜ್ಯವೂ 2016ರಲ್ಲಿ ತೆರೆಯಿತು. ಯೂಟಾ ರಾಜ್ಯವಂತೂ ಬಾಗಿಲು ಹಾಕಿಕೊಂಡೇ ಇದೆ. ಎಲ್ಲರಿಗೂ ಹಾಕಿದೆ ಅನ್ನುವ ಕಾರಣಕ್ಕೆ ಅದರ ಬಗ್ಗೆ ನನಗೆ ಸಂವಿಧಾನದ ತಕರಾರಿಲ್ಲ.

ಆದರೆ ಬೇಲಿ ಹಾಕುವವರು ಅಷ್ಟು ಬೇಗ ಸುಮ್ಮನಾಗುವುದಿಲ್ಲ. ಮ್ಯಾಸಚೂಸೆಟ್ಸ್ ಹೊಸ ಕಾನೂನು ತಂದಿತು. ಅದರಲ್ಲಿ ಒಳಗಿನವರು ಹೊರಗಿನವರು ಅನ್ನುವ ಮಾತೇ ಇಲ್ಲ. ವರ್ಷಕ್ಕೆ 30,000 ಗ್ಯಾಲನ್‌ಗಿಂತ ಜಾಸ್ತಿ ಮಾಡುವ ವೈನರಿಗೆ ಒಂದು ನಿಯಮ, ಕಡಿಮೆ ಮಾಡುವವರಿಗೆ ಸುಲಭದ ನಿಯಮ. ಕೇಳಲು ನ್ಯಾಯವಾಗಿಯೇ ಇದೆ, ಸಣ್ಣವರಿಗೆ ಅನುಕೂಲ. ಆದರೆ ಮ್ಯಾಸಚೂಸೆಟ್ಸಿನ ಎಲ್ಲ ವೈನರಿಗಳೂ ಆ ಗೆರೆಯ ಕೆಳಗೇ ಇದ್ದವು! 2010ರಲ್ಲಿ ಮೇಲ್ಮನವಿ ಕೋರ್ಟ್ ಇದನ್ನು ರದ್ದು ಮಾಡಿತು. ಕಾನೂನಿನ ಮಾತು ಓದಿದರೆ ಸಾಲದು, ಗೆರೆಯ ಯಾವ ಕಡೆ ಯಾರು ನಿಂತಿದ್ದಾರೆ ಅಂತ ಎಣಿಸಬೇಕು. ನಿಮ್ಮ ವೃತ್ತಿಯಲ್ಲಿ ಇದು ಬಹಳ ಸಲ ಕೆಲಸಕ್ಕೆ ಬರುತ್ತದೆ.

ಸಮಯ ಮುಗಿಯುತ್ತಿದೆ ಅಂತ ಚೀಟಿ ಬಂದಿದೆ. ಅಂಗಡಿಗಳ ಪಾರ್ಸೆಲ್ ವಿಷಯವನ್ನು ವಿವರವಾಗಿ ಹೇಳಬೇಕಿತ್ತು, ಎರಡೇ ಮಾತು ಹೇಳುತ್ತೇನೆ. ಗೆದ್ದಿದ್ದು ವೈನರಿಗಳು. ಹೊರರಾಜ್ಯದ ಅಂಗಡಿಯಿಂದ ತರಿಸಲು ಇವತ್ತಿಗೂ ಬಹಳಷ್ಟು ರಾಜ್ಯಗಳು ಬಿಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಟೆನೆಸಿಯ ಒಂದು ನಿಯಮವನ್ನು 7-2ರಲ್ಲಿ ಹೊಡೆದುಹಾಕಿತು. ಮದ್ಯದಂಗಡಿ ತೆರೆಯುವವರು ಎರಡು ವರ್ಷ ಅಲ್ಲೇ ವಾಸವಾಗಿರಬೇಕು ಅನ್ನುವ ನಿಯಮ ಅದು. ಆ ತೀರ್ಪು ಪಾರ್ಸೆಲ್‌ಗೂ ಅನ್ವಯಿಸುತ್ತದೆಯೇ? ಕೆಳಗಿನ ಕೋರ್ಟುಗಳು ಅಂಗಡಿಯವರಿಗೆ ಅಷ್ಟಾಗಿ ಒಲಿದಿಲ್ಲ. ಮಿಷಿಗನ್ ಪ್ರಕರಣದಲ್ಲಿ 2020ರಲ್ಲಿ ರಾಜ್ಯವೇ ಗೆದ್ದಿತು.

ಈಗ ನಮ್ಮ ಕಡೆ. ನಮ್ಮಲ್ಲಿ ಮದ್ಯ ರಾಜ್ಯಪಟ್ಟಿಯ 8ನೇ ನಮೂದು. 47ನೇ ವಿಧಿ ಪಾನನಿಷೇಧದ ಕಡೆ ನಡೆಯಿರಿ ಅನ್ನುತ್ತದೆ. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಅಂತ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎದುರುಪಕ್ಷ ನಮ್ಮ ಕರ್ನಾಟಕ ಸರ್ಕಾರವೇ. ಇನ್ನೊಂದು ಕಡೆ ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕು ಅನ್ನುವ 301ನೇ ವಿಧಿ ಇದೆ, 304(ಎ) ಇದೆ. ಹೊರಗಿನ ಸರಕಿಗೆ ತೆರಿಗೆ ಹಾಕಿ, ಆದರೆ ಒಳಗಿನ ಸರಕಿಗಿಂತ ಭೇದ ಮಾಡಬೇಡಿ. 2016ರ ಜಿಂದಾಲ್ ಸ್ಟೇನ್‌ಲೆಸ್ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒತ್ತು ಕೊಟ್ಟಿದ್ದೂ ಭೇದದ ಪ್ರಶ್ನೆಗೇ.

ಮಹಾರಾಷ್ಟ್ರ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿ ತಂದು ತನ್ನ ವೈನ್‌ಗೆ ಅಬಕಾರಿ ವಿನಾಯಿತಿ ಕೊಟ್ಟಿತು. ನಮ್ಮ ವೈನ್ ನೀತಿ 2007ರದ್ದು. ನಂದಿ ಬೆಟ್ಟದ ತಪ್ಪಲಿನಿಂದ ವಿಜಯಪುರದವರೆಗೆ ನಮ್ಮಲ್ಲೂ ದ್ರಾಕ್ಷಿ ಬೆಳೆಗಾರರಿದ್ದಾರೆ. ಅವರಿಗೆ ಬೆಂಬಲ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ತೋಟಕ್ಕೆ ಸಹಾಯಧನ ಕೊಡಿ, ಸಾಲ ಕೊಡಿ, ತರಬೇತಿ ಕೊಡಿ. ಆದರೆ ನಾಸಿಕದ ಬೆಳೆಗಾರನ ಬಾಟಲಿಗೆ ಗಡಿಯಲ್ಲಿ ಹೆಚ್ಚು ಹೊರೆ ಹಾಕಿ ಚಿಕ್ಕಬಳ್ಳಾಪುರದವನನ್ನು ಉದ್ಧಾರ ಮಾಡುತ್ತೇವೆ ಅನ್ನುವುದು ಬೇರೆ ಮಾತು. ನಾಳೆ ನಾಸಿಕದವರೂ ಅದನ್ನೇ ಮಾಡುತ್ತಾರೆ. ನಮ್ಮಲ್ಲಿ ಸಗಟು ಕೊಂಡಿಯೂ ಸರ್ಕಾರದ್ದೇ. 2003ರಿಂದ ಪಾನೀಯ ನಿಗಮದ ಮೂಲಕವೇ ಎಲ್ಲ ಹಾದುಹೋಗಬೇಕು. ಹಾಗಾಗಿ ಸಣ್ಣ ವೈನರಿಯ ಕಷ್ಟ ಇಲ್ಲಿ ಇನ್ನೊಂದು ರೂಪದಲ್ಲಿದೆ. ಅದಕ್ಕೆ ಬೇರೆಯೇ ಒಂದು ಉಪನ್ಯಾಸ ಬೇಕು.

ಕೊನೆಗೆ ಓದಿನ ಕೆಲಸ. ಗ್ರಾನ್‌ಹೋಮ್ ತೀರ್ಪನ್ನು ಓದುವಾಗ ಬಹುಮತದಿಂದ ಶುರು ಮಾಡಬೇಡಿ. ನ್ಯಾಯಮೂರ್ತಿ ಸ್ಟೀವನ್ಸ್ ಬರೆದ ಭಿನ್ನಮತದಿಂದ ಶುರು ಮಾಡಿ. ಅವರು ಹುಟ್ಟಿದ್ದು 1920ರಲ್ಲಿ, ಪಾನನಿಷೇಧ ಜಾರಿಗೆ ಬಂದ ವರ್ಷ. ಮದ್ಯವನ್ನು ಸಾಮಾನ್ಯ ಸರಕು ಅಂತ ಇವತ್ತಿನವರು ನೋಡಬಹುದು, ಆ ತಿದ್ದುಪಡಿ ಮಾಡಿದ ಜನ ಹಾಗೆ ನೋಡಿರಲಿಲ್ಲ ಅನ್ನುವುದು ಅವರ ವಾದ. ಆ ಕಾಲವನ್ನು ಕಂಡವರ ನೆನಪೂ ಅದರಲ್ಲಿದೆ. ನನ್ನ ನಿಲುವಿಗೆ ಎದುರಾಗಿ ಇರುವ ಅತ್ಯಂತ ಪ್ರಾಮಾಣಿಕ ಬರಹ ಅದು. ಆಮೇಲೆ ಥಾಮಸ್ ಬರೆದ ಇನ್ನೊಂದು ಭಿನ್ನಮತ, ಆಮೇಲೆ ಕೆನಡಿ. ಮುಂದಿನ ಮೂಟ್ ಕೋರ್ಟಿಗೆ, ಅಂದರೆ ಅಣಕು ನ್ಯಾಯಾಲಯಕ್ಕೆ, ಅರ್ಧ ತರಗತಿ ನಾಸಿಕದ ವೈನರಿಯ ಪರ, ಉಳಿದರ್ಧ ಕರ್ನಾಟಕ ಸರ್ಕಾರದ ಪರ ವಾದ ಮಾಡಲಿ ಅಂತ ನಿಮ್ಮ ಮೇಡಂ ಹತ್ತಿರ ಮಾತಾಡಿದ್ದೇನೆ. ಯಾರಿಗೆ ಯಾವ ಪಕ್ಷ ಅನ್ನುವುದನ್ನು ಅವರು ಚೀಟಿ ಎತ್ತಿಸಿ ಹೇಳುತ್ತಾರೆ. ಈಗ ಪ್ರಶ್ನೆಗಳಿದ್ದರೆ ಕೇಳಿ.